ಜೀಪಿನ ಅಡಿಯಲ್ಲಿ ಅಂಗಾತ

ನಮ್ಮೂರಿನಲ್ಲಿ ನನ್ನ ಮುಖಕ್ಕಿಂತ ನನ್ನ ಪಾದಗಳೇ ಹೆಚ್ಚು ಪರಿಚಿತ. ಭಾನುವಾರ ಬೆಳಿಗ್ಗೆ ಯಾರೇ ಬರಲಿ, ಅವರಿಗೆ ಮೊದಲು ಕಾಣುವುದು ಜೀಪಿನ ಅಡಿಯಿಂದ ಹೊರಚಾಚಿದ ಎರಡು ಕಾಲು. ಸೊಸೈಟಿ ಚುನಾವಣೆಗೆ ಮತ ಕೇಳಲು ಬಂದವರು ಆ ಕಾಲಿಗೇ ಕೈಮುಗಿದು ಹೋಗಿದ್ದಾರೆ. ಮದುವೆಗೆ ಕರೆಯಲು ಬಂದ ನೆಂಟರು ಮಂತ್ರಾಕ್ಷತೆ ಯಾರ ಕೈಗಿಡುವುದೆಂದು ತಿಳಿಯದೆ ಬಾನೆಟ್ಟಿನ ಮೇಲಿಟ್ಟು ಹೋಗಿದ್ದಾರೆ. "ಯಜಮಾನರು ಒಳಗಿದ್ದಾರಾ?" ಎಂದು ಯಾರಾದರೂ ಕೇಳಿದರೆ ನನ್ನ ಹೆಂಡತಿ ತಲೆಯೆತ್ತದೆ, "ಇಲ್ಲ, ಕೆಳಗಿದ್ದಾರೆ" ಎನ್ನುತ್ತಾಳೆ.

ಕೆಲವರಿಗೆ ಇಸ್ಪೀಟು, ಕೆಲವರಿಗೆ ಹೊಳೆದಂಡೆಯ ಗಾಳ, ನನಗೆ ಈ ಹಳೇ ಫೋರ್ ವೀಲ್ ಜೀಪು. ಓಡಿಸುವ ಸುಖ ಎಲ್ಲರಿಗೂ ಗೊತ್ತಿರುವಂಥದ್ದೇ. ಗೋಣಿಚೀಲ ಹಾಸಿ, ಕೈಯಲ್ಲಿ ಟಾರ್ಚು ಹಿಡಿದು, ಅದರ ಹೊಟ್ಟೆಯ ಕೆಳಗೆ ಅಂಗಾತ ಮಲಗುವ ಸುಖ ಮಾತ್ರ ಪುಣ್ಯವಂತರಿಗೆ. ಅಲ್ಲಿ ಮೊಬೈಲು ಕೈಗೆಟುಕುವುದಿಲ್ಲ, ಮಳೆ ತಾಗುವುದಿಲ್ಲ, ಮಣ್ಣು, ಡೀಸೆಲ್ಲು, ಗ್ರೀಸು ಬೆರೆತ ಒಂದು ವಾಸನೆ ಮಾತ್ರ ಇರುತ್ತದೆ.

ಜೀಪು ಹುಟ್ಟಿದ್ದು ಯುದ್ಧಕ್ಕೆ. 1941ರಿಂದ 1945ರವರೆಗೆ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿ ರಣರಂಗಕ್ಕೆ ಕಳಿಸಿದವು. ಯುದ್ಧ ಮುಗಿದ ಮೇಲೆ, ನಲವತ್ತರ ದಶಕದ ಕೊನೆಯಲ್ಲಿ, ಮಹೀಂದ್ರದವರು ಮುಂಬೈಯಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿದರು. ಆ ವಂಶದ ಒಂದು ಕವಲು ಮಲೆನಾಡಿಗೆ ಬಂದು ನೆಲೆನಿಂತಿತು. ಇಲ್ಲಿ ಅದಕ್ಕೆ ಯುದ್ಧಕ್ಕಿಂತ ಹೆಚ್ಚಿನ ಕೆಲಸ ಸಿಕ್ಕಿತು: ಕಾಫಿ ಮೂಟೆ, ಗೊಬ್ಬರ, ಶಾಲೆ ಮಕ್ಕಳು, ತುಂಬು ಬಸುರಿಯರು, ಮದುವೆ ದಿಬ್ಬಣ, ಒಮ್ಮೊಮ್ಮೆ ಹೆಣ. ಎಲ್ಲವನ್ನೂ ಒಂದೇ ಸೀಟಿನ ಮೇಲೆ ಹೊತ್ತು ಜಾರುವ ಏರಿ ಹತ್ತಿದ್ದು ಈ ಗಾಡಿಯೇ.

ನನ್ನದು 1991ರ ಎಂಎಂ 540. 2112 ಸಿಸಿಯ ಪ್ಯೂಜೊ ಡೀಸೆಲ್ ಇಂಜಿನ್, ನಾಲ್ಕು ಗೇರು, ಗೇರಿನ ಪಕ್ಕದಲ್ಲಿ ಫೋರ್ ವೀಲಿಗೆ ಎರಡು ಕುಳ್ಳ ಕೋಲು. ಹತ್ತು ವರ್ಷದ ಹಿಂದೆ ಕೊಂಡಾಗ ಬ್ರೋಕರ್ ಹೇಳಿದ ಮೊದಲ ಮಾತು, "ಡಾಕ್ಟ್ರು ಇಟ್ಕೊಂಡಿದ್ದ ಗಾಡಿ ಸಾರ್." ನಮ್ಮ ಸೀಮೆಯ ಸೆಕೆಂಡ್ ಹ್ಯಾಂಡ್ ಗಾಡಿಗಳನ್ನೆಲ್ಲ ಡಾಕ್ಟರುಗಳೇ ಇಟ್ಟುಕೊಂಡಿದ್ದರು ಎಂದಾದರೆ ಆಸ್ಪತ್ರೆಗಳಲ್ಲಿ ಇದ್ದವರು ಯಾರೋ! ಆರ್‌ಸಿ ತೆಗೆದು ನೋಡಿದರೆ ಮೂರು ಜನ ಮಾಲೀಕರು, ಮೂವರೂ ತೋಟದವರು. ಮೀಟರ್ ನಲವತ್ತಮೂರು ಸಾವಿರ ಕಿಲೋಮೀಟರ್ ತೋರಿಸುತ್ತಿತ್ತು. ಅದರಲ್ಲಿ ಇರುವುದೇ ಐದು ಅಂಕಿ. 99,999 ಆದ ಮೇಲೆ ಅದು ಮತ್ತೆ ಸೊನ್ನೆಯಿಂದ ಹುಟ್ಟಿಬರುತ್ತದೆ. ಇದು ಎಷ್ಟನೇ ಜನ್ಮ ಎಂದು ಕೇಳಿದರೆ ಬ್ರೋಕರ್ ಬೇರೆ ಮಾತೆತ್ತಿ, ಫೋರ್ ವೀಲಿನ ಕೋಲನ್ನು ಒಂದೇ ಬೆರಳಿನಲ್ಲಿ ಎಳೆದು ತೋರಿಸಿದ. "ನೋಡಿ ಸಾರ್, ಬೆಣ್ಣೇಲಿ ಕೂದ್ಲು ತೆಗ್ದಂಗೆ ಬೀಳುತ್ತೆ." ಆ ಬೆಣ್ಣೆಗೇ ನಾನು ಬಿದ್ದದ್ದು.

ಮಾರನೆಯ ದಿನ ಗಾಡಿಯನ್ನು ಚೆನ್ನಾಗಿ ತೊಳೆಸಿ ಮೇಸ್ತ್ರಿಯವರ ಬಳಿ ಒಯ್ದೆ. ಹಲಸಿನ ಮರದ ಕೆಳಗೆ ತಗಡಿನ ಶೆಡ್ಡು, ಅದೇ ಗ್ಯಾರೇಜು. ಅವರು ಒಂದು ಸುತ್ತು ಬಂದು ಬೇಸರದಿಂದ ಹೇಳಿದರು: "ತೊಳ್ದಿರೋ ಗಾಡಿ ನಂಗೆ ತೋರಿಸ್ಬೇಡಿ ಸಾರ್. ಒಂದು ವಾರ ಓಡಿಸಿ, ಧೂಳು ಮೆತ್ತಿಸ್ಕೊಂಡು ಬನ್ನಿ. ಸಂಜೆ ತಂದು ನಿಲ್ಸಿ, ಬೆಳಿಗ್ಗೆ ನಾನು ಸ್ಟಾರ್ಟ್ ಮಾಡ್ತೀನಿ." ಇದರ ಅರ್ಥ ಆಮೇಲೆ ತಿಳಿಯಿತು. ಆಯಿಲ್ ಎಲ್ಲಿಂದ ಒಸರುತ್ತದೆ ಎಂಬುದನ್ನು ಧೂಳು ಬರೆದಿಡುತ್ತದೆ. ಒಸರಿದ ಕಡೆ ಧೂಳು ಅಂಟಿ ಕಪ್ಪು ಹಾದಿ ಮೂಡುತ್ತದೆ; ಆ ಹಾದಿ ಹಿಡಿದು ಮೇಲಕ್ಕೆ ಹೋದರೆ ಸೋತ ಸೀಲು ಸಿಗುತ್ತದೆ. ಇಂಜಿನ್ನನ್ನಂತೂ ತಣ್ಣಗಿರುವಾಗಲೇ ಕೇಳಬೇಕು. ಬಿಸಿ ಇಂಜಿನ್ ಯಾರು ಕರೆದರೂ ಓಗೊಡುತ್ತದೆ. ಗಾಡಿ ನೋಡಲು ಹೋದಾಗ ಬಾನೆಟ್ ಆಗಲೇ ಬೆಚ್ಚಗಿದ್ದರೆ, ನಾವು ಬರುವ ಮುಂಚೆ ಅಲ್ಲಿ ಏನೋ ನಡೆದಿದೆ ಎಂದೇ ಲೆಕ್ಕ.

ವಾರ ಕಳೆದು ಹೋದೆ. ಬೆಳಿಗ್ಗೆ ಹೀಟರ್ ಹಾಕಿ ಸೆಲ್ಫ್ ಹೊಡೆದರು. ಎರಡನೇ ಸಲಕ್ಕೆ ಇಂಜಿನ್ ಎದ್ದಿತು. ಮೊದಲು ಒಂದಿಷ್ಟು ಬಿಳಿ ಹೊಗೆ, ಆಮೇಲೆ ತಿಳಿ. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ, ಕಪ್ಪು ಹೊಗೆಯಾದರೆ ಪಂಪು-ನಾಜಲ್ ನೋಡಬೇಕು. ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿದರು. ಬುಸುಗುಟ್ಟಿ ಹೊಗೆ ಬಂದರೆ ಬ್ಯಾಕ್ ಕಂಪ್ರೆಷನ್, ಇಂಜಿನ್ ಬಿಚ್ಚುವ ಕಾಲ ಬಂತೆಂದು ಅರ್ಥ. ಅಂಥದ್ದೇನೂ ಇರಲಿಲ್ಲ. "ಹೃದಯ ಗಟ್ಟಿ ಇದೆ, ಕೈಕಾಲು ನೋಡಾಣ" ಎಂದು ಅವರು ಗೋಣಿಚೀಲ ಹಾಸಿ ಹಿಂಬದಿಯಿಂದ ಒಳಗೆ ಜಾರಿದರು. ನಾನೂ ಪಕ್ಕದಲ್ಲಿ ಜಾರಿದೆ. ಅದೇ ನನ್ನ ಮೊದಲ ಪ್ರವೇಶ.

ಸುತ್ತಿಗೆಯ ಹಿಡಿಯಿಂದ ಚಾಸಿಸನ್ನು ಉದ್ದಕ್ಕೂ ತಟ್ಟುತ್ತಾ ಹೋದರು, ಹಲಸಿನಕಾಯಿ ಬಲಿತಿದೆಯೇ ಎಂದು ತಟ್ಟಿ ನೋಡುವ ಹಾಗೆ. ಠಣ್ ಎಂದರೆ ಉಕ್ಕು. ದಬ್ ಎಂದರೆ ಒಳಗೆ ಕೆಸರು ಸೇರಿ ಕೊರೆದಿದೆ, ಇಲ್ಲವೇ ಟಿಂಕರಿಂಗಿನವರು ಬಣ್ಣದಡಿ ಗುಟ್ಟು ಮುಚ್ಚಿದ್ದಾರೆ. ಪ್ಲೇಟುಗಳು ಶಾಕಲಿಗೆ ಕೂರುವ ಜಾಗ ಮತ್ತು ಸ್ಟೇರಿಂಗ್ ಬಾಕ್ಸು ಕೂರುವ ಜಾಗ, ಈ ಎರಡನ್ನು ತುಸು ಹೆಚ್ಚೇ ತಟ್ಟಿದರು. ನನ್ನ ಜೀಪು ಒಂದು ಕಡೆ ಮಾತ್ರ ದಬ್ ಎಂದಿತು.

ಆಮೇಲೆ ಹಿಂದಿನ ಹೌಸಿಂಗ್. ಇದರ ಹೊಟ್ಟೆಯಲ್ಲಿ ಕ್ರೌನ್-ಪಿನಿಯನ್ ಇರುತ್ತದೆ, ತೊಂಬತ್ತರ ಆಯಿಲ್ ಇರುತ್ತದೆ. ಅಡಿಯ ಡ್ರೈನ್ ನಟ್ಟನ್ನು ಮೇಸ್ತ್ರಿ ಪೂರ್ತಿ ತೆಗೆಯಲಿಲ್ಲ. ಮೆಲ್ಲಗೆ ಸಡಿಲಿಸಿ, ಕೆಳಗೆ ಒಂದು ಸ್ಟೀಲ್ ಲೋಟ ಹಿಡಿದರು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ನೀರೇನಾದರೂ ಇದ್ದರೆ ಅದು ಆಯಿಲಿಗಿಂತ ಭಾರ, ತಳಕ್ಕೆ ಇಳಿದಿರುತ್ತದೆ, ಮೊದಲು ಅದೇ ಬರಬೇಕು. ಬಂತು. ಪುಟ್ಟ ಲೋಟದ ಕಾಲುಭಾಗ ತಿಳಿ ನೀರು, ಅದರ ಹಿಂದೆ ಆಯಿಲ್. ಆ ಆಯಿಲೂ ಕಪ್ಪಗಿರಲಿಲ್ಲ. ಹಾಲು ಹೆಚ್ಚಾದ ಕಾಫಿಯ ಬಣ್ಣ. "ಕಾಫಿ ಸೀಮೆ ಗಾಡಿ ಅಲ್ವಾ" ಎಂದು ನಕ್ಕರು.

ನೀರು ಒಳಹೊಕ್ಕ ದಾರಿಯನ್ನೂ ಅವರೇ ಹುಡುಕಿದರು. ಹೌಸಿಂಗಿನ ಮೇಲ್ಭಾಗದಲ್ಲಿ ಉಸಿರಾಡಲು ಒಂದು ಪುಟ್ಟ ತೂತಿನ ನಿಪ್ಪಲ್ ಇರುತ್ತದೆ. ನನ್ನ ಜೀಪಿನ ಆ ತೂತನ್ನು ಯಾವುದೋ ಕಣಜ ಮಣ್ಣು ಮೆತ್ತಿ ಗೂಡು ಮಾಡಿ ಮುಚ್ಚಿಬಿಟ್ಟಿತ್ತು. ಓಡಿ ಓಡಿ ಕಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿಂದ ಉಸಿರೆಳೆಯುತ್ತದೆ. ಮೂಗು ಕಟ್ಟಿದ್ದರೆ? ಆಕ್ಸಲಿನ ಸೀಲುಗಳ ಸಂದಿಯಿಂದ ಹಳ್ಳದ ನೀರನ್ನೇ ಎಳೆದುಕೊಳ್ಳುತ್ತದೆ. ಸೀಲಿನ ಬೆಲೆ ಹೋಟೆಲಿನ ಒಂದು ಊಟದಷ್ಟು. ಅದನ್ನು ಉದಾಸೀನ ಮಾಡಿ ಕ್ರೌನ್-ಪಿನಿಯನ್ ಹಾಳಾದರೆ ಒಂದು ಮೂಟೆ ಕಾಫಿ ಮಾರಬೇಕು.

ಹೌಸಿಂಗಿನಿಂದ ಮುಂದಕ್ಕೆ ಪ್ರೊಪೆಲ್ಲರ್ ಶಾಫ್ಟ್. ಎರಡು ಕೈಯಲ್ಲಿ ಹಿಡಿದು ತಿರುಚಿದರು, ಮೇಲೆ ಕೆಳಗೆ ಅಲ್ಲಾಡಿಸಿದರು. ತುದಿಗಳ ಕೀಲುಗಳಾದ ಕ್ರಾಸುಗಳಲ್ಲಿ ಟಕ್ ಎಂಬ ಸದ್ದಿಲ್ಲ. ಶಾಫ್ಟಿನ ಮುಂದಿನ ತುದಿಯಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ಮು. ವಿಲ್ಲಿಸ್ ವಂಶದ ಹಳೇ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಈ ಶಾಫ್ಟನ್ನು. ಅಲ್ಲಿನ ಸೀಲು ಸೋರಿದರೆ ಲೈನರ್ ಆಯಿಲಿನಲ್ಲಿ ನೆಂದು, ಇಳಿಜಾರಿನಲ್ಲಿ ನಿಲ್ಲಿಸಿದ ಜೀಪು ಮಾಲೀಕನನ್ನು ಬಿಟ್ಟು ಹೊರಡುತ್ತದೆ. ನನ್ನದರಲ್ಲಿ ಆ ಲಕ್ಷಣ ಕಾಣುತ್ತಿತ್ತು. ಸಿಗರೇಟು ಪೊಟ್ಟಣದ ಹಿಂಬದಿಯಲ್ಲಿ ಮೇಸ್ತ್ರಿ ಬರೆದುಕೊಂಡರು.

ಅಲ್ಲಿಂದ ಇನ್ನೂ ಮುಂದಕ್ಕೆ ಜಾರಿದವರು ಥಟ್ಟನೆ ನಿಂತರು. ಟಾರ್ಚನ್ನು ಆಚೆ ಈಚೆ ಆಡಿಸಿದರು.

"ಸಾರ್, ಇದರ ಶಾಫ್ಟ್ ಎಲ್ಲಿ?"

"ಈಗ ತಾನೆ ಅಲ್ಲಾಡಿಸಿದ್ರಲ್ಲ?"

"ಅದು ಹಿಂದಿಂದು. ಮುಂದಿಂದು ಎಲ್ಲಿ?"

ಮುಂದೆ ಶಾಫ್ಟ್ ಇರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಬರೀ ಗಾಳಿ, ಆಚೆ ಶೆಡ್ಡಿನ ಹೊರಗೆ ಮೇಯುತ್ತಿದ್ದ ಕೋಳಿಗಳು. ನಾನು ಫೋರ್ ವೀಲ್ ಎಂದು ದುಡ್ಡು ಎಣಿಸಿ ತಂದದ್ದು ಎರಡೇ ಚಕ್ರಕ್ಕೆ ಬಲ ಸಿಗುವ ಗಾಡಿ. ಮೇಸ್ತ್ರಿ ಮಲಗಿದಲ್ಲೇ ಹೊಟ್ಟೆ ಕುಲುಕಿಸಿ ನಕ್ಕರು. "ಕೋಲು ಬೆಣ್ಣೆ ಥರ ಬೀಳ್ದೆ ಇನ್ನೇನು ಮಾಡುತ್ತೆ ಸಾರ್? ಆ ಕಡೆ ಎಳೆಯೋಕೆ ಏನೂ ಇಲ್ವಲ್ಲ!"

ಡೀಸೆಲ್ ಉಳಿಯುತ್ತದೆಂದು ಮುಂದಿನ ಶಾಫ್ಟ್ ಬಿಚ್ಚಿಡುವುದು ಒಂದು ಕಾಲದ ರೂಢಿ. ಮುಂದಿನ ಚಕ್ರಗಳನ್ನು ಆಕ್ಸಲಿಗೆ ಕೂಡಿಸುವ ಹಬ್ ಲಾಕನ್ನು ಫ್ರೀ ಮಾಡಿದ್ದರೆ ಆ ಶಾಫ್ಟ್ ಹೇಗೂ ತಿರುಗುವುದಿಲ್ಲ. ಬಿಚ್ಚಿದರೆ ಉಳಿಯುವುದು ಏನೂ ಇಲ್ಲ. ಆದರೂ ಬಿಚ್ಚಿದ್ದರು. ಆರ್‌ಸಿಯಲ್ಲಿದ್ದ ಮೂರನೇ ಮಾಲೀಕರನ್ನು ಹುಡುಕಿಕೊಂಡು ಹೋದೆ. ಅವರು ಕಾಫಿ ಕೊಟ್ಟರು, ಎಲೆಯಡಿಕೆ ಕೊಟ್ಟರು, ಕೊನೆಗೆ ಹಿತ್ತಲಿಗೆ ಕರೆದೊಯ್ದರು. ಶಾಫ್ಟು ಕೋಳಿಗೂಡಿನ ಬಾಗಿಲಿಗೆ ಅಗಳಿಯಾಗಿತ್ತು. "ಬಾಗಿಲಿಗೆ ಬೇರೆ ಏನಾದ್ರೂ ನೋಡ್ಕೊಳ್ತೀವಿ ಬಿಡಿ, ತಗೊಂಡು ಹೋಗಿ" ಎಂದು ಉದಾರವಾಗಿ ಬಿಟ್ಟುಕೊಟ್ಟರು.

ಕ್ರಾಸುಗಳೆರಡೂ ತುಕ್ಕಿಗೆ ಹೋಗಿದ್ದವು. ಹೊಸದು ಬಡಿದು ಕೂರಿಸಿದೆವು. ಕೂರಿಸುವಾಗ ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ಸಾಲಿಗೆ ಬರಬೇಕು, ತಪ್ಪಿದರೆ ಗಾಡಿ ಜ್ವರ ಬಂದವರಂತೆ ನಡುಗುತ್ತದೆ. ಜಾಕಿ ಕೊಟ್ಟು ಮುಂದಿನ ಚಕ್ರ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ ಕಿಂಗ್ ಪಿನ್ನಿನ ಬೇರಿಂಗ್ ನೋಡಿದೆವು. ಅಲ್ಲಿ ಸಡಿಲವಿದ್ದರೆ ಟಾರು ರಸ್ತೆಯ ಒಂದು ಸಣ್ಣ ಗುಂಡಿಗೇ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ಕುಣಿಯುತ್ತದೆ.

ಕೊನೆಗೆ ಮುಂದಿನ ಹೌಸಿಂಗ್ ಬಿಚ್ಚಿದೆವು. ಅಲ್ಲಿ ಕಂಡದ್ದನ್ನು ನಾನು ಮರೆಯಲಾರೆ. ಇದಕ್ಕೆ ನೀರು ಹೊಕ್ಕಿರಲಿಲ್ಲ, ಆಯಿಲ್ ಜೇನಿನಂತೆ ಶುಭ್ರವಾಗಿತ್ತು. ಆಯಿಲಿನಲ್ಲಿ ಮುಳುಗಿದ್ದ ಹಲ್ಲುಗಳು ನಿನ್ನೆ ಅಂಗಡಿಯಿಂದ ತಂದಂತೆ ಹೊಳೆಯುತ್ತಿದ್ದವು. ಆಯಿಲಿನಿಂದ ಮೇಲಿದ್ದ ಹಲ್ಲುಗಳಿಗೆ ಕೆಂಪು ತುಕ್ಕು. ನಡುವೆ ಸ್ಕೇಲಿಟ್ಟು ಎಳೆದಂಥ ಗೆರೆ. ಚಕ್ರ ಇದನ್ನು ತಿರುಗಿಸಿದ್ದರೆ ಕ್ರೌನು ಆಯಿಲನ್ನು ತಾನೇ ಮೊಗೆದು ಮೇಲಕ್ಕೆ ಎರಚಿಕೊಳ್ಳುತ್ತಿತ್ತು. ಹಬ್ ಫ್ರೀ, ಶಾಫ್ಟ್ ಕೋಳಿಗೂಡಿನಲ್ಲಿ, ತಿರುಗಿಸುವವರು ಯಾರು? ದುಡಿದ ಹಿಂದಿನ ಹೌಸಿಂಗ್ ನೀರು ಕುಡಿದೂ ಬದುಕಿತ್ತು. ಏನೂ ಮಾಡದೆ ಕೂತಿದ್ದ ಮುಂದಿನದು ಕೂತಲ್ಲೇ ಕೆಟ್ಟಿತ್ತು. "ಸವೆದಿದ್ದನ್ನ ರಿಪೇರಿ ಮಾಡ್ಬಹುದು ಸಾರ್, ಕೂತು ಕೆಟ್ಟಿದ್ದು ಕಷ್ಟ" ಎಂದರು ಮೇಸ್ತ್ರಿ. ಪುಣ್ಯಕ್ಕೆ ತುಕ್ಕು ಆಳಕ್ಕೆ ಇಳಿದಿರಲಿಲ್ಲ. ಬೇರಿಂಗುಗಳು ಹೋದವು, ಹಲ್ಲುಗಳು ಉಳಿದವು.

ಎಲ್ಲ ಜೋಡಿಸಿದ ಮೇಲೆ ಪರೀಕ್ಷೆ. ಮುಂದಿನ ಎರಡೂ ಚಕ್ರ ಎತ್ತಿ, ಹಬ್ ಲಾಕ್ ಮಾಡಿ, ಫೋರ್ ವೀಲ್ ಹಾಕಿ ಗೇರಿನಲ್ಲಿ ನಿಲ್ಲಿಸಿದರು. "ಎಡಗಡೆದು ಮುಂದಕ್ಕೆ ತಿರುಗ್ಸಿ" ಎಂದರು. ತಿರುಗಿಸಿದೆ. ಬಲಗಡೆಯ ಚಕ್ರ ಯಾರೂ ಮುಟ್ಟದೆಯೇ ಹಿಂದಕ್ಕೆ ತಿರುಗಿತು. ಹಬ್ ಫ್ರೀ ಮಾಡಿದಾಗ ನಾನು ಹಿಡಿದ ಚಕ್ರ ಒಂದೇ ತಿರುಗಿ, ಬಲಗಡೆಯದು ಸುಮ್ಮನಿತ್ತು. ನಲವತ್ತು ದಾಟಿದ ನಾನು ಇದನ್ನು ಇಪ್ಪತ್ತು ಸಲವಾದರೂ ಮಾಡಿ ನೋಡಿದೆ.

ಓಡಿಸಿ ನೋಡಲು ಟಾರು ರಸ್ತೆಗೆ ಹೊರಟಾಗ ಮೇಸ್ತ್ರಿ ತಡೆದರು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಬೇಕು. ಈ ಜೀಪುಗಳಲ್ಲಿ ಮುಂದಕ್ಕೂ ಹಿಂದಕ್ಕೂ ನಡುವೆ ರಾಜಿ ಮಾಡಿಸುವ ಡಿಫರೆನ್ಷಿಯಲ್ ಇಲ್ಲ. ಕೆಸರಿನಲ್ಲಾದರೆ ಚಕ್ರ ಒಂದಿಷ್ಟು ಜಾರಿ ಜಗಳ ಮುಗಿಯುತ್ತದೆ. ಟಾರಿನ ಮೇಲೆ ಜಾರುವ ಹಾಗಿಲ್ಲ. ಬಿಗಿ ಏರುತ್ತಾ ಏರುತ್ತಾ ಕೋಲು ಕಚ್ಚಿಕೊಳ್ಳುತ್ತದೆ, ಪಾಪದ ಕ್ರಾಸು ಮುರಿಯುತ್ತದೆ. ಅದಕ್ಕೇ ನಾಲ್ಕೂ ಟೈರು ಒಂದೇ ಅಳತೆಯವಾಗಿರಬೇಕು. ಮುಂದೆ ಸವೆದದ್ದು, ಹಿಂದೆ ಹೊಸ ಬಟನ್ ಟೈರು ಹಾಕಿದರೆ ನೇರ ರಸ್ತೆಯಲ್ಲೂ ಅದೇ ಜಗಳ.

ಆ ಜೂನಿನ ಮಳೆಗೆ ನಮ್ಮ ಗದ್ದೆಯ ಏರಿಯಲ್ಲಿ ಎರಡನೇ ಕುಳ್ಳ ಕೋಲಿನ ಲೋ ಗೇರು ಹಾಕಿ ಹತ್ತಿಸಿದೆ. ಗಾಡಿಯ ಬಲ ಸುಮಾರು ಎರಡೂವರೆ ಪಟ್ಟು ಹೆಚ್ಚಿತು, ವೇಗ ಅಷ್ಟೇ ಪಾಲು ಕುಗ್ಗಿತು. ಆಕ್ಸಿಲರೇಟರ್ ಒತ್ತಲೇ ಇಲ್ಲ. ಬಸುರಿ ಎಮ್ಮೆ ಹತ್ತುವ ಹಾಗೆ ನಿಧಾನವಾಗಿ, ಎಲ್ಲೂ ಜಾರದೆ ಹತ್ತಿತು.

ಅಂದಿನಿಂದ ನನ್ನದೊಂದು ವ್ರತ. ಮಳೆ ಇರಲಿ ಬಿಸಿಲಿರಲಿ, ತಿಂಗಳಿಗೊಂದು ಭಾನುವಾರ ಹಬ್ ಲಾಕ್ ಮಾಡಿ, ಹತ್ತು ಹದಿನೈದು ಕಿಲೋಮೀಟರ್ ಮಣ್ಣುದಾರಿಯಲ್ಲಿ ಫೋರ್ ವೀಲಿನಲ್ಲೇ ಓಡಿಸುತ್ತೇನೆ. ಮನೆಗೆ ಬಂದು ಕಣಜ ಗೂಡು ಕಟ್ಟಿದ್ದ ಆ ತೂತಿಗೆ ಒಂದು ಕಡ್ಡಿ ಹಾಕುತ್ತೇನೆ, ನಿಪ್ಪಲುಗಳಿಗೆ ಗ್ರೀಸ್ ಹೊಡೆಯುತ್ತೇನೆ, ಲೋಟ ಹಿಡಿದು ಡ್ರೈನ್ ನಟ್ ಸಡಿಲಿಸುತ್ತೇನೆ.

ನೀವೂ ಹಳೇ ಫೋರ್ ವೀಲ್ ಕೊಳ್ಳುವವರಿದ್ದರೆ ಬಣ್ಣ, ಸೀಟು, ಟೇಪ್ ರೆಕಾರ್ಡರ್ ಆಮೇಲೆ ನೋಡಿ. ಕೋಲು ಬೆಣ್ಣೆಯಂತೆ ಬಿದ್ದರೆ ಬ್ರೋಕರನಿಗೆ ಒಂದು ನಿಮಿಷ ಇರಲು ಹೇಳಿ, ಪಂಚೆ ಎತ್ತಿ ಕಟ್ಟಿ, ಬಗ್ಗಿ, ಮುಂದಿನ ಶಾಫ್ಟ್ ಇದೆಯೇ ನೋಡಿಕೊಳ್ಳಿ.