ಯೂರಿಯಾ ಲೈಟು ಬಿದ್ದಾಗ

ಸಂಜೆ ಏಳರ ಮೇಲೆ ನಿಡಗುಂದಿಯ ಹೆದ್ದಾರಿ ಬದಿಗೆ ಬಂದು ಕೂತರೆ ಆಲಮಟ್ಟಿ ಸುತ್ತಲಿನ ಸೀಮೆಯ ಬೇಸಾಯವೆಲ್ಲ ಕಣ್ಣ ಮುಂದೆಯೇ ಹಾದುಹೋಗುತ್ತದೆ. ಇಂಡಿಯ ಲಿಂಬಿಕಾಯಿ ಡಾಗು, ಸಿಂದಗಿ ಕಡೆಯ ಹತ್ತಿ, ಮುದ್ದೇಬಿಹಾಳದ ತೊಗರಿ, ಬಾಗೇವಾಡಿಯ ಉಳ್ಳಾಗಡ್ಡಿ, ಥರ್ಮಾಕೋಲ್ ಡಬ್ಬಿಯಲ್ಲಿ ಬರ್ಫದ ನಡುವೆ ಮಲಗಿದ ಹಿನ್ನೀರಿನ ಮೀನು. ಮೊದಲು 13 ಆಗಿದ್ದು ಈಗ 50 ಆಗಿರುವ ಹೆದ್ದಾರಿ ಹಿಡಿದು ಕೆಲವು ಗಾಡಿ ವಿಜಯಪುರದ ಕಡೆ ಹೋಗುತ್ತವೆ, ಕೆಲವು ಕೃಷ್ಣೆ ದಾಟಿ ಹುನಗುಂದ, ಹೊಸಪೇಟೆ, ಚಿತ್ರದುರ್ಗದ ಕಡೆ ಇಳಿಯುತ್ತವೆ. ಹೆಚ್ಚಿನವು ಪಿಕಪ್ಪುಗಳೇ. ದೊಡ್ಡ ಲಾರಿ ತುಂಬುವಷ್ಟು ಮಾಲು ಒಬ್ಬ ರೈತನ ಹತ್ತಿರ ಇರುವುದಿಲ್ಲ, ಬೆಳಗಿನ ಹರಾಜಿಗೆ ಮುಟ್ಟಿಸದಿದ್ದರೆ ದರ ಸಿಗುವುದಿಲ್ಲ. ಹಾಗಾಗಿ ನಮ್ಮ ಕಡೆ ಊರಿಗೆ ನಾಲ್ಕು ಪಿಕಪ್ಪು, ಪಿಕಪ್ಪಿಗೊಂದು ಬ್ಯಾಂಕಿನ ಕಂತು.

ನಮ್ಮ ಅಳಿಯನ ಗ್ಯಾರೇಜು ಈ ರಸ್ತೆಯ ಮೇಲೇ ಇರುವುದರಿಂದ ಅಲ್ಲಿ ಕೂತು ಚಹಾ ಕುಡಿಯುವುದು ನನಗೆ ರೂಢಿ. ಮೊದಲು ಅಲ್ಲಿಗೆ ಬರುತ್ತಿದ್ದ ದೂರುಗಳು ಪಾಟಾ ಮುರಿದದ್ದು, ಕ್ಲಚ್ ಸುಟ್ಟದ್ದು, ಬ್ರೇಕ್ ಹಿಡಿಯದ್ದು. ಈಗ ಅರ್ಧಕ್ಕರ್ಧ ಗಾಡಿ ಬರುವುದು ಲೈಟಿನ ದೂರು ಹೊತ್ತು. ‘ಕಾಕಾ, ನಿನ್ನೇನ ಯೂರಿಯಾ ತುಂಬಿಸೀನ್ರೀ, ಆದ್ರೂ ಲೈಟ್ ಹೋಗವಲ್ದು’ ಎನ್ನುತ್ತ ಇಳಿಯುತ್ತಾನೆ ಚಾಲಕ. ಮೀಟರಿನಲ್ಲಿ ಹಳದಿ ಬಣ್ಣದ ಹನಿ, ಅದರ ಕೆಳಗೆ ಇಷ್ಟು ಕಿಲೋಮೀಟರ್ ಉಳಿದಿದೆ ಎಂಬ ಅಂಕಿ. ಆ ಅಂಕಿ ಇಳಿಯುವುದನ್ನು ನೋಡುತ್ತ ಗಾಡಿ ಓಡಿಸುವವನ ಹೊಟ್ಟೆಯೊಳಗಿನ ಸಂಕಟ ಬಾಡಿಗೆ ಹೊಡೆದು ಉಣ್ಣುವವರಿಗೇ ಗೊತ್ತು.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಎಂಬ ಬಿಗಿ ಹೊಗೆ ಮಾನಕದ ಗಾಡಿಗಳನ್ನಷ್ಟೇ ಮಾರಬೇಕೆಂಬ ನಿಯಮ ಬಂತು. ಡೀಸೆಲ್ ಹೊಗೆಯಲ್ಲಿ ಕಣ್ಣಿಗೆ ಕಾಣುವ ಮಸಿ ಒಂದಾದರೆ, ಕಾಣದ ನೈಟ್ರೋಜನ್ ಆಕ್ಸೈಡು ಇನ್ನೊಂದು. ಎದೆಗೂಡಿಗೆ ಹೊಕ್ಕು ಉಬ್ಬಸ ಎಬ್ಬಿಸುವ ವಿಷ ಅದು. ಅದನ್ನು ತಗ್ಗಿಸುವ ಒಂದು ಉಪಾಯ ಯೂರಿಯಾ ದ್ರಾವಣ. ಒಂದಷ್ಟು ಗಾಡಿಗಳಿಗೆ ಬೇರೆ ಉಪಾಯವಿದೆ, ಎಲ್ಲ ಪಿಕಪ್ಪಿಗೂ ಯೂರಿಯಾ ಟಾಕಿ ಇರುವುದಿಲ್ಲ. ಇರುವ ಗಾಡಿಗಳಲ್ಲಿ ನೀಲಿ ಮುಚ್ಚಳದ ಚಿಕ್ಕ ಟಾಕಿಯಿಂದ ದ್ರಾವಣ ಸೈಲೆನ್ಸರಿನೊಳಗೆ ಮಂಜಿನಂತೆ ಚಿಮ್ಮುತ್ತದೆ. ಹೊಗೆಯ ಕಾವಿಗೆ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಆ ಅಮೋನಿಯಾ ಕ್ಯಾಟಲಿಸ್ಟಿನ ಸಣ್ಣ ಸಣ್ಣ ಕಿಂಡಿಗಳಲ್ಲಿ ವಿಷಗಾಳಿಯ ಜೊತೆ ಕೂಡಿ, ಕಡೆಗೆ ಬರೀ ನೈಟ್ರೋಜನ್ನು, ನೀರಾವಿ ಹೊರಗೆ ಬರುತ್ತದೆ. ಎರಡೂ ನಾವು ದಿನಾ ಉಸಿರಾಡುವ ಗಾಳಿಯಲ್ಲಿ ಇರುವಂಥವೇ. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವ್ಯೋಲರ್ ಮೊದಲ ಬಾರಿಗೆ ಪ್ರಯೋಗಶಾಲೆಯಲ್ಲಿ ಯೂರಿಯಾ ತಯಾರಿಸಿದಾಗ, ಜೀವಿಗಳ ಮೈಯಲ್ಲಷ್ಟೇ ಹುಟ್ಟುವ ವಸ್ತುವನ್ನು ಮೂತ್ರಪಿಂಡದ ಹಂಗಿಲ್ಲದೆ ಮಾಡಬಹುದೆಂದು ಲೋಕಕ್ಕೆ ಗೊತ್ತಾಯಿತು. ಅದೇ ವಸ್ತು ಇವತ್ತು ನಮ್ಮ ಹೊಲಕ್ಕೂ ಬೇಕು, ಗಾಡಿಗೂ ಬೇಕು.

ಆಲಮಟ್ಟಿಯ ಮಟ್ಟಿಗೆ ಹೊಗೆ ಹೊಸದಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಅಣೆಕಟ್ಟು ಪೂರ್ತಿಯಾಗಲು ನಾಲ್ಕು ದಶಕ ಹಿಡಿಯಿತು. ಅಷ್ಟೂ ವರ್ಷ ಕಲ್ಲು, ಮಣ್ಣು, ಸಿಮೆಂಟು ಹೊತ್ತ ಲಾರಿಗಳು ಈ ಊರಿನ ಮೇಲೆ ಓಡಾಡಿದವು. ಆಗಿನ ಎಂಜಿನ್ನಿಗೆ ಸೋಸುವ ಯಾವ ಸಾಧನವೂ ಇರಲಿಲ್ಲ. ರಸ್ತೆ ಬದಿಯ ಮನೆಗಳ ಗ್ವಾಡಿ ಕರ‍್ರಗಾಗಿದ್ದನ್ನು ಕಂಡವರು ಇನ್ನೂ ಇದ್ದಾರೆ. ಇವತ್ತು 26 ಗೇಟುಗಳ ಮುಂದೆ ನಿಂತು, 519.60 ಮೀಟರಿಗೆ ತುಂಬಿದ ನೀರು ನೋಡುವ ಪ್ರವಾಸಿಗರ ಮಕ್ಕಳು ಅಂಥ ಹೊಗೆ ಕುಡಿಯಬೇಕಾಗಿಲ್ಲ. ಆದ್ದರಿಂದ ಈ ಯೂರಿಯಾ ಏರ್ಪಾಡೇ ಬೇಡವೆಂದು ಗ್ಯಾರೇಜಿನಲ್ಲಿ ಯಾರಾದರೂ ವಾದಿಸಿದರೆ ನಾನು ಒಪ್ಪುವುದಿಲ್ಲ. ನನ್ನ ಸಿಟ್ಟು ಇರುವುದು ಆ ದ್ರಾವಣದ ಹೆಸರಿನಲ್ಲಿ ಬಕೆಟ್ಟಿನೊಳಗೆ ಏನು ತುಂಬಿ ಮಾರುತ್ತಾರೆ ಎಂಬುದರ ಮೇಲೆ.

ಸರಿಯಾದ ದ್ರಾವಣದಲ್ಲಿ ನೂರಕ್ಕೆ 32.5 ಪಾಲು ಯೂರಿಯಾ, ಉಳಿದ 67.5 ಪಾಲು ನೀರು. ಕೇಳಿದರೆ ಮನೆಯಲ್ಲೇ ಮಾಡಬಹುದಲ್ಲ ಅನ್ನಿಸುತ್ತದೆ. ಕುತ್ತು ಇರುವುದು ಆ ನೀರಿನಲ್ಲೇ. ಅಂತರರಾಷ್ಟ್ರೀಯ ಮಾನಕ ಐಎಸ್ಒ 22241ರ ಪ್ರಕಾರ ಒಂದು ಕಿಲೋ ದ್ರಾವಣದಲ್ಲಿ ಕ್ಯಾಲ್ಸಿಯಂ ಅರ್ಧ ಮಿಲಿಗ್ರಾಂ ಮೀರುವಂತಿಲ್ಲ. ನಾವು ಕುಡಿಯುವ ನೀರಿಗೇ ಭಾರತೀಯ ಮಾನಕ ಲೀಟರಿಗೆ 75 ಮಿಲಿಗ್ರಾಂವರೆಗೆ ಕ್ಯಾಲ್ಸಿಯಂ ಇರಬಹುದೆನ್ನುತ್ತದೆ. ಅಂದರೆ ಒಳ್ಳೆಯ ಕುಡಿಯುವ ನೀರು ಕೂಡ ಈ ಟಾಕಿಗೆ ಹೊಲಸು ನೀರೇ. ಇನ್ನು ನಮ್ಮ ಬೋರಿನ ಸವುಳು ನೀರಿನ ಮಾತು ಎತ್ತುವುದೇ ಬೇಡ. ತಿಂಗಳೊಪ್ಪತ್ತಿನಲ್ಲಿ ಹಂಡೆಯ ತಳಕ್ಕೆ ಬಿಳಿ ಹೆಕ್ಕಳೆ ಕಟ್ಟುತ್ತದೆ. ಅದೇ ಹೆಕ್ಕಳೆ ದ್ರಾವಣ ಚಿಮ್ಮಿಸುವ, ಕೂದಲೆಳೆಯಷ್ಟು ಸಣ್ಣ ತೂತಿನ ಇಂಜೆಕ್ಟರಿನ ಬಾಯಿಗೂ, ಕ್ಯಾಟಲಿಸ್ಟಿನ ಕಿಂಡಿಗಳಿಗೂ ಕಟ್ಟುತ್ತದೆ. ಇಂಜೆಕ್ಟರನ್ನು ಬಿಚ್ಚಿ ತೊಳೆಯಬಹುದು. ಕ್ಯಾಟಲಿಸ್ಟು ಒಮ್ಮೆ ಕೆಟ್ಟರೆ ಬದಲಿಸುವುದೇ ದಾರಿ, ಅದರ ಬೆಲೆ ಪಿಕಪ್ಪಿನ ಹಲವು ತಿಂಗಳ ದುಡಿಮೆಯನ್ನು ನುಂಗುತ್ತದೆ.

ಯೂರಿಯಾದ ಕಡೆಯಿಂದಲೂ ಅಷ್ಟೇ ಅನ್ಯಾಯ ನಡೆಯುತ್ತದೆ. ಗೊಬ್ಬರದ ಅಂಗಡಿಯಲ್ಲಿ ಆಧಾರ್ ತೋರಿಸಿ, ಮಷಿನ್ನಿಗೆ ಹೆಬ್ಬೆಟ್ಟು ಒತ್ತಿ ರೈತ ಒಯ್ಯುವ 45 ಕಿಲೋ ಚೀಲಕ್ಕೆ 266 ರೂಪಾಯಿ 50 ಪೈಸೆ. ಉಳಿದದ್ದು ಸರ್ಕಾರದ ಸಬ್ಸಿಡಿ. 20 ಲೀಟರಿನ ಒಂದು ಬಕೆಟ್ ದ್ರಾವಣಕ್ಕೆ ಹಿಡಿಯುವ ಯೂರಿಯಾ ಸುಮಾರು ಏಳು ಕಿಲೋ. ಒಂದು ಚೀಲ ಕಳ್ಳದಾರಿಗೆ ತಿರುಗಿಸಿದರೆ ಆರು ಬಕೆಟ್ಟು. ಬಕೆಟ್ಟಿಗೆ ಬೀಳುವ ಯೂರಿಯಾದ ಖರ್ಚು 45 ರೂಪಾಯಿಯೊಳಗೆ. ಅದೇ ಬಕೆಟ್ಟು ರಸ್ತೆ ಬದಿಯಲ್ಲಿ ಸಾವಿರದ ಆಚೀಚೆ ಮಾರಾಟವಾಗುತ್ತದೆ. ದುರಾಸೆಯವನಿಗೆ ಇದಕ್ಕಿಂತ ದೊಡ್ಡ ಆಮಿಷ ಬೇಕೇ? ಮುಂಗಾರಿನಲ್ಲಿ ಬಾಗೇವಾಡಿಯ ರೈತ ಗೋವಿನಜೋಳಕ್ಕೆ ಒಂದು ಚೀಲ ಸಿಗಲೆಂದು ಬೆಳಗಿನಿಂದ ಪಾಳಿ ಹಚ್ಚುತ್ತಾನೆ. ಅವನ ಹೊಲ ಸೇರಬೇಕಾದ ಯೂರಿಯಾ ಕಳ್ಳದಾರಿಯಲ್ಲಿ ಬಕೆಟ್ಟು ಸೇರಿ, ಅವನ ಫಸಲನ್ನು ಒಯ್ಯಬೇಕಾದ ಗಾಡಿಯನ್ನೇ ಹಾಳು ಮಾಡುತ್ತದೆ. ಒಬ್ಬನನ್ನೇ ಎರಡು ಕಡೆ ದೋಚುವ ವ್ಯವಹಾರ ಇದು. ಗೊಬ್ಬರದ ಯೂರಿಯಾ ಕಾರ್ಖಾನೆಗಳ ಪಾಲಾಗುವುದನ್ನು ತಡೆಯಲು ಕೇಂದ್ರ ಸರ್ಕಾರ ಪಹರೆ ದಳಗಳನ್ನು ಕಳಿಸಿ, ಸಂಶಯದ ಚೀಲಗಳನ್ನು ಜಪ್ತಿ ಮಾಡಿಸಿದ್ದುಂಟು.

ಇದರೊಳಗೆ ಇನ್ನೊಂದು ತೊಡಕಿದೆ. 2015ರಿಂದ ನಮ್ಮ ದೇಶದ ಗೊಬ್ಬರದ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಕಡ್ಡಾಯ. ಮಣ್ಣಿನಲ್ಲಿ ಯೂರಿಯಾ ನಿಧಾನವಾಗಿ ಕರಗಲಿ, ಕಳ್ಳದಾರಿ ಹಿಡಿಯದಿರಲಿ ಎಂಬುದು ಉದ್ದೇಶ. ಹೊಲಕ್ಕೆ ಅದು ಒಳ್ಳೆಯದು. ಗಾಡಿಯ ಟಾಕಿಗೆ ಎಣ್ಣೆಯ ಅಂಶವೆಂದರೆ ವಿಷ. ಅಂಥ ದ್ರಾವಣವನ್ನು ಗಾಜಿನ ಲೋಟಕ್ಕೆ ಸುರಿದು ಬಿಸಿಲಿಗೆ ಹಿಡಿದರೆ ಮೇಲೆ ತೆಳ್ಳಗೆ ಎಣ್ಣೆಯ ಪೊರೆ ಹೊಳೆಯುತ್ತದೆ, ತಳದಲ್ಲಿ ಮಡ್ಡಿ ಕಾಣುತ್ತದೆ. ಒಳ್ಳೆಯ ದ್ರಾವಣ ನೀರಿನಷ್ಟೇ ತಿಳಿ.

ಇಷ್ಟೆಲ್ಲ ದಾಟಿ ಅಸಲಿ ಮಾಲೇ ಬಂತೆನ್ನಿ. ಆಗ ನಮ್ಮ ಬಿಸಿಲು ಅಡ್ಡ ಬರುತ್ತದೆ. 25 ಡಿಗ್ರಿಯಲ್ಲಿ ಇಟ್ಟರೆ ಒಂದೂವರೆ ವರ್ಷ ಬಾಳುವ ದ್ರಾವಣ 30 ಡಿಗ್ರಿಯಲ್ಲಿ ಒಂದು ವರ್ಷ, 35 ಡಿಗ್ರಿಯಲ್ಲಿ ಆರು ತಿಂಗಳು ಮಾತ್ರ ಬಾಳುತ್ತದೆ. ಅದರ ಮೇಲಕ್ಕೆ ಹೋದರೆ ಪರೀಕ್ಷೆ ಮಾಡದೆ ಬಳಸಬಾರದು. ವಿಜಯಪುರ ಜಿಲ್ಲೆಯ ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 40 ದಾಟುವುದು ಪ್ರತಿ ವರ್ಷದ ಮಾತು. ಪತ್ರಾಸಿನ ಅಂಗಡಿಯ ಮುಂದೆ, ರಸ್ತೆಯ ಧೂಳಿನಲ್ಲಿ, ಬಿಸಿಲಿಗೆ ಮೈಯೊಡ್ಡಿ ಒಂದರ ಮೇಲೊಂದು ನಿಂತ ಬಕೆಟ್ಟುಗಳನ್ನು ಈ ಹೆದ್ದಾರಿಯ ಉದ್ದಕ್ಕೂ ನೋಡಬಹುದು. ತಯಾರಾದ ತಾರೀಖು ನೋಡಿ ಕೊಳ್ಳುವವರು ಕಡಿಮೆ, ಮಾರುವವರೂ ಹೇಳುವುದಿಲ್ಲ. ಮುಚ್ಚಳ ತೆಗೆದಾಗ ಅಮೋನಿಯಾ ವಾಸನೆ ಕಣ್ಣಲ್ಲಿ ನೀರು ಬರುವಷ್ಟು ಅಡರಿದರೆ ಒಳಗಿನ ಮಾಲು ಆಗಲೇ ಒಡೆದಿದೆ ಎಂದೇ ಅರ್ಥ.

ಅಳಿಯನ ಕೆಲಸ ನೋಡುತ್ತ ಕಲಿತದ್ದು ಇನ್ನೊಂದಿದೆ. ಲೈಟು ಬಿದ್ದಾಗಲೆಲ್ಲ ದ್ರಾವಣವೇ ಕೆಟ್ಟಿದೆ ಅಂತಲ್ಲ. ಅವನು ಮೊದಲು ಸ್ಕ್ಯಾನರ್ ಹಚ್ಚುತ್ತಾನೆ. ಪಿ207ಎಫ್ ಎಂದು ಬಂದರೆ ದ್ರಾವಣದ ಗುಣದ ಮೇಲೆ ಸಂಶಯ. ಪಿ20ಇಇ ಎಂದು ಬಂದರೆ ಕ್ಯಾಟಲಿಸ್ಟು ಮಾಡಬೇಕಾದ ಕೆಲಸ ಮಾಡುತ್ತಿಲ್ಲವೆಂದು ಅರ್ಥ, ಅದಕ್ಕೆ ಕಾರಣ ಹತ್ತಾರು. ಹೊಗೆ ಅಳೆಯುವ ಸೆನ್ಸರೇ ಕೆಟ್ಟಿರಬಹುದು, ಇಲಿ ವೈರು ಕಡಿದಿರಬಹುದು. ಆಮೇಲೆ ಗಾಡಿಯ ಕೆಳಗೆ ಹೋಗಿ ಇಂಜೆಕ್ಟರು ಬಿಚ್ಚುತ್ತಾನೆ. ಅದರ ಮೂತಿಗೆ ಸಕ್ಕರೆ ಪಾಕ ಒಣಗಿದಂತೆ ಬಿಳಿ ಹರಳು ಕಟ್ಟಿರುತ್ತದೆ. ಚಾಕುವಿನಿಂದ ಕೆರೆಯುವುದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಇಡುತ್ತಾನೆ, ಹರಳು ತಾನಾಗಿ ಕರಗುತ್ತದೆ. ಒಳ್ಳೆಯ ದ್ರಾವಣ ತುಂಬಿದ ತಕ್ಷಣ ಲೈಟು ಆರಬೇಕೆಂದೇನೂ ಇಲ್ಲ. ಗಾಡಿ ಒಂದಷ್ಟು ದೂರ ಓಡಿ, ಸೆನ್ಸರು ಹೊಗೆ ಅಳೆದು ಸಮಾಧಾನಪಟ್ಟ ಮೇಲೆಯೇ ಆರುತ್ತದೆ. ಇದು ಗೊತ್ತಿಲ್ಲದೆ ಎರಡನೇ ಬಕೆಟ್ಟು ಕೊಂಡವರು ಎಷ್ಟೋ ಜನ.

‘ಕೀ ತೆಗೆದ ಕೂಡ್ಲೇ ಬ್ಯಾಟರಿ ಸ್ವಿಚ್ ಬಂದ್ ಮಾಡಬ್ಯಾಡೋ ತಮ್ಮಾ’ ಎಂದು ಅವನು ಪ್ರತಿಯೊಬ್ಬನಿಗೂ ಹೇಳುತ್ತಾನೆ. ಎಂಜಿನ್ನು ನಿಂತ ಮೇಲೂ ಒಂದೆರಡು ನಿಮಿಷ ಕೆಳಗಿನಿಂದ ಗೊರ್ ಎಂಬ ಸದ್ದು ಬರುತ್ತದಲ್ಲ, ಅದು ಪೈಪಿನಲ್ಲಿ ಉಳಿದ ದ್ರಾವಣವನ್ನು ಪಂಪು ಟಾಕಿಗೆ ಹಿಂದಕ್ಕೆ ಎಳೆದುಕೊಳ್ಳುವ ಸದ್ದು. ನಡುವೆಯೇ ಕರೆಂಟು ಕಡಿದರೆ ಪೈಪಿನಲ್ಲೇ ಒಣಗಿ ಹರಳಾಗುತ್ತದೆ.

ಲೈಟನ್ನು ಅಲಕ್ಷ್ಯ ಮಾಡಿದರೆ ದೊಡ್ಡ ಲಾರಿಗಳಲ್ಲಿ ಮೊದಲು ಎಂಜಿನ್ನಿನ ಕಸುವು ಇಳಿಯುತ್ತದೆ, ಕಡೆಗೆ ಗಂಟೆಗೆ 20 ಕಿಲೋಮೀಟರ್ ಮೀರಿ ಓಡುವುದಿಲ್ಲ. ಚಿಕ್ಕ ಗಾಡಿಗಳಲ್ಲಿ ಅಂಕಿ ಸೊನ್ನೆಗೆ ಬಂದ ಮೇಲೆ ಒಮ್ಮೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಇಂಡಿ ಕಡೆಯ ಒಬ್ಬ ಹುಡುಗ ಹೋದ ಬೇಸಗೆಯಲ್ಲಿ ಹೀಗೇ ಸಿಕ್ಕಿಬಿದ್ದ. ಊಟಕ್ಕೆಂದು ಧಾಬಾದ ಮುಂದೆ ನಿಲ್ಲಿಸಿದ್ದಷ್ಟೇ, ಗಾಡಿ ಮತ್ತೆ ಜೀವ ಹಿಡಿಯಲಿಲ್ಲ. ಮೇಲೆ ಲಿಂಬಿಕಾಯಿ, ರಾತ್ರಿಯಲ್ಲೂ ಇಳಿಯದ ಸೆಕೆ. ಬೇರೆ ಗಾಡಿ ಹುಡುಕಿ ಮಾಲು ಬದಲಿಸುವಷ್ಟರಲ್ಲಿ ಬೆಳಗಿನ ಹರಾಜು ಮುಗಿದಿತ್ತು. ಬಾಡಿಗೆ ಹೋಯಿತು, ರೈತನಿಗೆ ದರವೂ ಹೋಯಿತು. ಅವನು ದಾರಿಯಲ್ಲಿ ಕೊಂಡ ಬಕೆಟ್ಟಿಗೆ ರಸೀದಿ ಇರಲಿಲ್ಲ, ಯಾರನ್ನು ಕೇಳಬೇಕು?

ಇಂಥ ಹೊತ್ತಿನಲ್ಲೇ ‘ಯೂರಿಯಾನೇ ಬಂದ್ ಮಾಡಿಸಿ ಕೊಡ್ತೀವಿ’ ಎನ್ನುವವರು ಮುಂದೆ ಬರುತ್ತಾರೆ. ಒಂದು ಚಿಕ್ಕ ಡಬ್ಬಿ ಕೂಡಿಸಿ, ಎಲ್ಲ ಸರಿಯಿದೆಯೆಂದು ಗಾಡಿಯ ಕಂಪ್ಯೂಟರಿಗೆ ಸುಳ್ಳು ಹೇಳಿಸುವ ಕೆಲಸ ಅದು. ಮೋಟಾರು ವಾಹನ ಕಾಯ್ದೆಯಲ್ಲಿ ಗಾಡಿಯನ್ನು ಹೀಗೆ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡವಿದೆ. ದಂಡ ಬೀಳಲಿ, ಬೀಳದಿರಲಿ, ಆ ಹೊಗೆ ಕುಡಿಯುವವರು ನಮ್ಮ ಸಂತೆಯ ಜನ, ಬಸ್ಸಿಗೆ ಕಾಯುವ ಶಾಲೆಯ ಮಕ್ಕಳು. ನಮ್ಮ ಅಳಿಯ ಆ ಕೆಲಸಕ್ಕೆ ಕೈ ಹಾಕಿಲ್ಲ, ಹಾಕಲು ನಾನು ಬಿಡುವುದೂ ಇಲ್ಲ.

ಈ ದ್ರಾವಣದ ಮೇಲೆ ಜಗತ್ತು ಎಷ್ಟು ನಿಂತಿದೆ ಎನ್ನುವುದು 2021ರಲ್ಲಿ ಕಂಡಿತು. ಚೀನಾ ಯೂರಿಯಾ ರಫ್ತಿಗೆ ಕಡಿವಾಣ ಹಾಕಿದಾಗ ದಕ್ಷಿಣ ಕೊರಿಯಾದ ಲಾರಿಗಳು ನಿಲ್ಲುವ ಹಂತಕ್ಕೆ ಬಂದವು. ಅಲ್ಲಿನ ವಾಯುಪಡೆಯ ವಿಮಾನ ಆಸ್ಟ್ರೇಲಿಯಾಕ್ಕೆ ಹೋಗಿ 27,000 ಲೀಟರ್ ಹೊತ್ತು ತಂದಿತು. ಅದೇ ವರ್ಷ ಜುಲೈನಲ್ಲಿ ಯುರೋಪಿನ ಒಕ್ಕೂಟ ಬಿಎಂಡಬ್ಲ್ಯು ಮತ್ತು ಫೋಕ್ಸ್‌ವ್ಯಾಗನ್ ಕಂಪನಿಗಳಿಗೆ 87.5 ಕೋಟಿ ಯೂರೋ ದಂಡ ಹಾಕಿತು. ಯೂರಿಯಾ ಟಾಕಿಯ ಅಳತೆಯಂಥ ವಿಷಯಗಳಲ್ಲಿ ಒಳಗೊಳಗೆ ಮಾತಾಡಿಕೊಂಡು, ಹೊಗೆಯನ್ನು ಇನ್ನೂ ಚೊಕ್ಕ ಮಾಡುವ ಪೈಪೋಟಿಯನ್ನೇ ಅವು ತಡೆದಿದ್ದವು. ಅಮೆರಿಕದಲ್ಲಿ ರೈತರು, ಲಾರಿಯವರು ಗಾಡಿ ಇದ್ದಕ್ಕಿದ್ದಂತೆ ಕಸುವು ಕಳೆದುಕೊಳ್ಳುವುದರ ವಿರುದ್ಧ ಕೂಗೆಬ್ಬಿಸಿದ ಮೇಲೆ, 2025ರ ಆಗಸ್ಟಿನಲ್ಲಿ ಅಲ್ಲಿನ ಪರಿಸರ ಸಂಸ್ಥೆ ಚಾಲಕರಿಗೆ ಹೆಚ್ಚು ಕಾಲಾವಕಾಶ ಸಿಗುವಂತೆ ಸಾಫ್ಟ್‌ವೇರ್ ಬದಲಿಸಲು ಕಂಪನಿಗಳಿಗೆ ಸೂಚಿಸಿತು. ನಮ್ಮಲ್ಲೂ ಮಾಲು ಹೊತ್ತ ಗಾಡಿಗೆ ಅಂಥ ಕರುಣೆ ಬೇಕು. ಆದರೆ ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಇಲ್ಲೇ ಇದೆ.

ಪಂಪಿಗೆ ಹೋಗಿ ಡೀಸೆಲ್ಲಿನ ಸಾಂದ್ರತೆ ತೋರಿಸಿ ಎಂದು ಕೇಳುವ ಹಕ್ಕು ಗಿರಾಕಿಗಿದೆ. ಐದು ಲೀಟರಿನ ಅಳತೆ ಪಾತ್ರೆ ತರಿಸಬಹುದು. ಪಕ್ಕದಲ್ಲೇ ಇಟ್ಟ ಯೂರಿಯಾ ಬಕೆಟ್ಟಿಗೂ ಅದೇ ಕಾಳಜಿ ಯಾಕಿರಬಾರದು? ರಿಫ್ರಾಕ್ಟೋಮೀಟರ್ ಎಂಬ ಕೈಯಳತೆಯ ಸಾಧನದ ಗಾಜಿನ ಮೇಲೆ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದರೆ 32.5ರ ಗೆರೆ ಕಾಣುತ್ತದೆ. ದ್ರಾವಣ ಮಾರುವ ಪ್ರತಿ ಅಂಗಡಿಯಲ್ಲೂ ಅದೊಂದು ಇರಲಿ, ಜೊತೆಗೆ ರಸೀದಿ ಕಡ್ಡಾಯವಾಗಲಿ. ಆ ಸಾಧನ ಯೂರಿಯಾ ಎಷ್ಟಿದೆ ಎಂದಷ್ಟೇ ಹೇಳುತ್ತದೆ. ಸವುಳು ನೀರಿನ ಕ್ಯಾಲ್ಸಿಯಂ, ಬೇವಿನೆಣ್ಣೆ ಅದರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಲೇಬೇಕು. ಬಿತ್ತನೆಗೆ ಮೊದಲು ಗೊಬ್ಬರದ ಅಂಗಡಿಗಳಿಗೆ ಬಂದು ಮಾದರಿ ತೆಗೆಯುವ ಅಧಿಕಾರಿಗಳು ಅದೇ ಜೀಪಿನಲ್ಲಿ ಹೆದ್ದಾರಿ ಬದಿಯ ಬಕೆಟ್ಟಂಗಡಿಗಳ ಮುಂದೆಯೂ ಇಳಿಯಬಹುದು. ಸಿಂದಗಿಯಿಂದ ನಿಡಗುಂದಿಯವರೆಗೆ ಒಂದು ದಿನದ ಕೆಲಸ.