ಮರ ಬೇಡವೆನ್ನುವ ನೆಲ

ಇನ್ವರ್ನೆಸ್‌ನಿಂದ ಉತ್ತರಕ್ಕೆ ಹೊರಡುವ ರೈಲು ಮೊದಲೆರಡು ತಾಸು ಪ್ರವಾಸಿಗೆ ಬೇಕಾದದ್ದನ್ನೆಲ್ಲ ತೋರಿಸುತ್ತದೆ: ಬಾರ್ಲಿ ಹೊಲ, ಒಳನುಗ್ಗಿದ ಕಡಲು, ಸದರ್ಲೆಂಡ್ ಡ್ಯೂಕರ ಅರಮನೆಗೆಂದೇ ಕಟ್ಟಿದ ಪುಟ್ಟ ನಿಲ್ದಾಣ. ಹೆಲ್ಮ್ಸ್‌ಡೇಲ್ ದಾಟಿದ ಮೇಲೆ ಹಳಿ ಕಡಲಿಗೆ ಬೆನ್ನು ಹಾಕಿ ಕಿಲ್ಡೋನನ್ ಕಣಿವೆಯೊಳಗೆ ತಿರುಗುತ್ತದೆ. ಅಲ್ಲಿಂದ ಮುಂದೆ ಮನೆಗಳೂ ಅಪರೂಪ, ಮರಗಳೂ ಅಪರೂಪ.

ಈ ಕಣಿವೆ ಹುಟ್ಟಿನಿಂದಲೇ ಖಾಲಿಯಾಗಿದ್ದದ್ದಲ್ಲ. 1813ರಲ್ಲಿ ಇಲ್ಲಿನ ರೈತರನ್ನು ಒಕ್ಕಲೆಬ್ಬಿಸಿ ಜಮೀನನ್ನು ಕುರಿ ಸಾಕಣೆಗೆ ಕೊಟ್ಟರು. ಕೆಲವರು ಹಡಗು ಹತ್ತಿ ಕೆನಡಾದ ರೆಡ್ ರಿವರ್ ದಂಡೆಗೆ ಹೋದರು. ಊರು ಬಿಟ್ಟು ಹೋದವರ ನೆನಪಿಗೆ ಹೆಲ್ಮ್ಸ್‌ಡೇಲ್‌ನಲ್ಲಿ ಕಂಚಿನ ಪ್ರತಿಮೆಗಳಿವೆ. ಕಿಟಕಿಯಾಚೆ ನದಿಯಂಚಿನಲ್ಲಿ ಅಲ್ಲಲ್ಲಿ ಬಿದ್ದ ಕಲ್ಲಿನ ಗೋಡೆಗಳು ಕಾಣುತ್ತಿದ್ದವು. ಮೇಲಿನ ಬಯಲಿನ ಖಾಲಿತನ ಬೇರೆ, ಅದು ಜನ ಬರುವ ಮೊದಲಿನದು. ನಾನು ನೋಡಹೊರಟಿದ್ದು ಅದನ್ನು.

ಜೊತೆಗಿದ್ದವನು ಅಬರ್ಡೀನ್‌ನಲ್ಲಿ ಎಂಜಿನಿಯರಾಗಿರುವ ನನ್ನ ಅಕ್ಕನ ಮಗ. "ಮಾಮ, ಸ್ಕಾಟ್ಲೆಂಡಿಗೆ ಬಂದೋರೆಲ್ಲ ಸ್ಕೈ ದ್ವೀಪಕ್ಕೆ ಹೋಗ್ತಾರೆ. ನಿಮಗೆ ಈ ಕೆಸರೇ ಬೇಕಿತ್ತಾ?" ಎಂದು ಎರಡು ಸಲ ಕೇಳಿದ್ದ. ಕಾರಣ ಹುಟ್ಟಿದ್ದು ದೆಹಲಿಯಲ್ಲಿ. 2024ರ ಜುಲೈನಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಸಮಿತಿ ಅಲ್ಲಿ ಸೇರಿದಾಗ ನಮ್ಮ ಪತ್ರಿಕೆಗಳು ಅಸ್ಸಾಮಿನ ಮೊಯ್ದಾಮುಗಳೆಂಬ ಸಮಾಧಿ ದಿಬ್ಬಗಳ ಬಗ್ಗೆ ಬರೆದವು, ಸರಿಯೇ. ಅದೇ ಸಭೆಯಲ್ಲಿ ಪಟ್ಟಿ ಸೇರಿದ್ದು ಫ್ಲೋ ಕಂಟ್ರಿ ಎಂಬ ಈ ಜೌಗು. ಪೀಟ್ ಎಂಬ ಅರೆಕೊಳೆತ ಪಾಚಿಯ ನೆಲದ ಮಹತ್ವಕ್ಕಾಗಿಯೇ ಆ ಗೌರವ ಪಡೆದ ಮೊದಲ ತಾಣ. ಕೋಟೆಯಿಲ್ಲ, ಜಲಪಾತವಿಲ್ಲ, ಹುಲಿಯಿಲ್ಲ. ಕೆಸರಿಗೆ ಇಷ್ಟು ದೊಡ್ಡ ಮರ್ಯಾದೆ ಹೇಗೆ ಸಿಕ್ಕಿತೆಂದು ನೋಡಬೇಕಿತ್ತು.

ಫೋರ್ಸಿನಾರ್ಡ್‌ನಲ್ಲಿ ರೈಲು ತಾನಾಗಿ ನಿಲ್ಲುವುದಿಲ್ಲ, ಗಾರ್ಡ್‌ಗೆ ಮೊದಲೇ ಹೇಳಿರಬೇಕು. ಇಳಿದವರು ನಾವಿಬ್ಬರೇ. ಹಳೆಯ ನಿಲ್ದಾಣದ ಕಟ್ಟಡವೇ ಈಗ ಪಕ್ಷಿಧಾಮದ ಮಾಹಿತಿ ಕೇಂದ್ರ. ಅದರಿಂದ ಸ್ವಲ್ಪ ದೂರದಲ್ಲಿ ಜೌಗಿನೊಳಕ್ಕೆ ಚಪ್ಪಡಿಕಲ್ಲು ಹಾಸಿದ ಕಾಲುದಾರಿ ಶುರುವಾಗುತ್ತದೆ, ಕೊನೆಯಲ್ಲಿ ಮರದ ವೀಕ್ಷಣಾ ಗೋಪುರ. ಕಲ್ಲು ಬಿಟ್ಟು ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ ಹಿಂಡದ ಒದ್ದೆ ಹಾಸಿಗೆಯ ಮೇಲೆ ನಿಂತ ಹಾಗೆ. ನೆಲ ಕುಸಿಯುತ್ತದೆ, ಒಂದು ಮಾರು ಆಚೆಯ ಹುಲ್ಲೂ ಅಲುಗುತ್ತದೆ.

ಇದನ್ನೆಲ್ಲ ಕಟ್ಟಿದ್ದು ಸ್ಫ್ಯಾಗ್ನಮ್ ಎಂಬ ಪಾಚಿ. ಅದಕ್ಕೆ ಬೇರಿಲ್ಲ. ಒಣಗಿದಾಗಿನ ತನ್ನ ತೂಕದ 20 ಪಟ್ಟು ನೀರು ಹೀರಬಲ್ಲದು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಗಾಯಕ್ಕೆ ಹತ್ತಿಯ ಬದಲು ಇದನ್ನೇ ಕಟ್ಟುತ್ತಿದ್ದರು. ಮೇಲೆ ಚಿಗುರುತ್ತ ಕೆಳಗೆ ಸಾಯುತ್ತ ಹೋಗುತ್ತದೆ. ನೀರು ಹುಳಿ, ಹವೆ ತಂಪು, ಆಮ್ಲಜನಕ ಕಡಿಮೆ. ಹಾಗಾಗಿ ಸತ್ತದ್ದು ಪೂರ್ತಿ ಕೊಳೆಯುವುದಿಲ್ಲ, ಕಪ್ಪಗೆ ಪೀಟ್ ಆಗಿ ಕೂಡುತ್ತದೆ. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಹಿಮಯುಗ ಮುಗಿದಂದಿನಿಂದ ಹೀಗೇ ಏರಿ, ಕೆಲವೆಡೆ 10 ಮೀಟರ್ ದಪ್ಪವಾಗಿದೆ. ಹರವು ಸುಮಾರು 4,000 ಚದರ ಕಿಲೋಮೀಟರ್, ಹೆಚ್ಚುಕಡಿಮೆ ನಮ್ಮ ಕೊಡಗು ಜಿಲ್ಲೆಯಷ್ಟು. ಇದರೊಳಗೆ ಹೂತಿರುವ ಇಂಗಾಲ ಸುಮಾರು 40 ಕೋಟಿ ಟನ್, ಬ್ರಿಟನ್ನಿನ ಅಷ್ಟೂ ಕಾಡುಗಳಲ್ಲಿರುವುದರ ಎರಡು ಪಟ್ಟಿಗೂ ಹೆಚ್ಚು ಎನ್ನುತ್ತಾರೆ.

ಗೋಪುರದ ಮೇಲಿಂದ ನೋಡಿದರೆ ಬಯಲಿನ ತುಂಬ ಕಪ್ಪು ನೀರಿನ ಹೊಂಡಗಳು. ಕೆಲವು ಕೋಣೆಯಷ್ಟು, ಕೆಲವು ಕೆರೆಯಷ್ಟು. ನಡುನಡುವೆ ಬಿಳಿ ಕುಚ್ಚಿನ ಹತ್ತಿಹುಲ್ಲು ಗಾಳಿಗೆ ಬಾಗುತ್ತಿತ್ತು. ದೂರದಲ್ಲಿ ಬೆನ್ ಗ್ರಿಯಮ್ ಬೆಟ್ಟಗಳೆರಡು. ಬೆಟ್ಟವೆಂದರೆ ಅವೇ, ಉಳಿದದ್ದೆಲ್ಲ ಆಕಾಶ. ಕೆಳಗಿಳಿದು ಬಗ್ಗಿ ಕೂತರೆ ಬೇರೆಯದೇ ಲೋಕ. ಬೆರಳ ತುದಿಯಷ್ಟು ಕೆಂಪು ಎಲೆಗಳ ಸನ್‌ಡ್ಯೂ, ಎಲೆಯ ಒಂದೊಂದು ಕೂದಲ ತುದಿಯಲ್ಲೂ ಅಂಟಿನ ಹನಿ, ಒಂದರಲ್ಲಿ ಸಿಕ್ಕಿಬಿದ್ದ ಸಣ್ಣ ಹುಳು. ಈ ನೆಲದಲ್ಲಿ ಸಾರವಿಲ್ಲ. ಗಿಡ ಹೊಟ್ಟೆಪಾಡಿಗೆ ಬೇಟೆಗಿಳಿದಿದೆ.

ಹಕ್ಕಿಗಳಿಗೆ ಕಾಯಬೇಕು. ಮೊದಲು ಬಂದದ್ದು ದನಿ: ಗೋಲ್ಡನ್ ಪ್ಲೋವರ್‌ನ ಒಂದೇ ಎಳೆಯ ಸಿಳ್ಳು, ಏನೋ ಕಳೆದುಕೊಂಡವರದು. ಹುಡುಕಿದರೆ ಇಪ್ಪತ್ತು ಹೆಜ್ಜೆ ದೂರದ ದಿಬ್ಬದ ಮೇಲೇ ನಿಂತಿತ್ತು, ಚಿನ್ನದ ಚುಕ್ಕೆಯ ಬೆನ್ನು, ಕಪ್ಪು ಹೊಟ್ಟೆ. ಅದರ ಹಿಂದೆಯೇ ಪುಟ್ಟ ಡನ್‌ಲಿನ್. ಪ್ಲೋವರ್ ಕಾವಲು ಕಾಯುತ್ತದೆಂಬ ಧೈರ್ಯಕ್ಕೋ ಏನೋ, ಡನ್‌ಲಿನ್ ಅದರ ಬೆನ್ನು ಬಿಡುವುದಿಲ್ಲ. ಆಮೇಲೆ ಕೇಳಿದ ಮೂರು ಸಿಳ್ಳಿಗೆ ನನ್ನ ಕಿವಿ ನೆಟ್ಟಗಾಯಿತು. ಗ್ರೀನ್‌ಶ್ಯಾಂಕ್! ಚಳಿಗಾಲದಲ್ಲಿ ನಮ್ಮ ಕೆರೆಯಂಚಿನಲ್ಲಿ ಒಂಟಿಯಾಗಿ ಮೀನು ಅಟ್ಟುವ ಹಸಿರುಗಾಲಿನ ಹಕ್ಕಿ. ನಮ್ಮಲ್ಲಿಗೆ ಬರುವವು ಬಹುಶಃ ಸೈಬೀರಿಯಾ ಕಡೆಯವು. ಆದರೂ ಸದಾ ನೆಂಟನಾಗಿ ಕಂಡವನನ್ನು ಅವನ ಸ್ವಂತ ಮನೆಯಲ್ಲಿ ನೋಡಿದ ಖುಷಿ ಬೇರೆ.

ದೊಡ್ಡ ಹೊಂಡವೊಂದರಲ್ಲಿ ಕೆಂಪು ಕೊರಳಿನ ಡೈವರ್ ಇತ್ತು. ಇದರ ಕಾಲುಗಳು ಎಷ್ಟು ಹಿಂದಕ್ಕಿವೆಯೆಂದರೆ ನೆಲದ ಮೇಲೆ ನಡೆಯಲಾರದು, ಹೊಟ್ಟೆ ಎಳೆದುಕೊಂಡು ಸರಿಯಬೇಕು. ಅದಕ್ಕೇ ಗೂಡು ನೀರಿನಂಚಿನಲ್ಲೇ. ಹೊಂಡದಲ್ಲಿ ಮೀನು ಸಾಲದು, ಮರಿಗೆ ಆಹಾರ ತರಲು ಕಡಲಿಗೇ ಹಾರಿಹೋಗುತ್ತದೆ. ನನ್ನ ಅಳಿಯ ಕೆಸರಿನ ವಿಷಯ ಬಿಟ್ಟು ದುರ್ಬೀನು ಕಸಿದುಕೊಂಡದ್ದು ಇಲ್ಲಿ.

ನಾನು ನಿಜಕ್ಕೂ ಬೆಚ್ಚಿದ್ದು ವಾಪಸ್ ಬರುವಾಗ, ಕಡಿದ ಮರಗಳ ಬುಡಗಳಿದ್ದ ಇಳಿಜಾರಿನ ಎದುರು. ಸಾಲುಸಾಲು ಬೂದು ಬೊಡ್ಡೆಗಳು. ಕಡಿಸಿದವರು ಪಕ್ಷಿ ಸಂರಕ್ಷಣೆಯವರೇ! 1980ರ ದಶಕದಲ್ಲಿ ಇಲ್ಲಿ ಮರ ನೆಟ್ಟವರಿಗೆ ಭಾರಿ ತೆರಿಗೆ ವಿನಾಯಿತಿ ಇತ್ತು. ಈ ಜೌಗನ್ನು ಕಣ್ಣಿಂದಲೂ ನೋಡದ ಲಂಡನ್ನಿನ ಸಿರಿವಂತರು, ಗಾಯಕರು, ಟಿವಿ ತಾರೆಯರು ಹಣ ಹಾಕಿದರು. ನೇಗಿಲು ಹೊಡೆದು, ಕಾಲುವೆ ತೋಡಿ, ನೀರು ಬಸಿದು, ಉತ್ತರ ಅಮೆರಿಕದ ಸಿಟ್ಕಾ ಸ್ಪ್ರೂಸ್, ಲಾಡ್ಜ್‌ಪೋಲ್ ಪೈನ್‌ಗಳನ್ನು ನೆಡಿಸಿದರು. ಪೀಟ್ ಒಣಗಿ ಬಿರಿಯಿತು. ಮರದ ಮರೆಯಲ್ಲಿ ನರಿ, ಕಾಗೆಗಳು ನೆಲೆಯೂರಿದವು. ನೆಟ್ಟ ಜಾಗವೊಂದೇ ಅಲ್ಲ, ಕಾಡಿನಂಚಿನಿಂದ 700 ಮೀಟರ್‌ವರೆಗೂ ಪ್ಲೋವರ್, ಡನ್‌ಲಿನ್‌ಗಳ ಸಂಖ್ಯೆ ಇಳಿಯುತ್ತದೆ. 1988ರ ಬಜೆಟ್‌ನಲ್ಲಿ ಹಣಕಾಸು ಮಂತ್ರಿ ನೈಜೆಲ್ ಲಾಸನ್ ವಿನಾಯಿತಿ ಕಿತ್ತುಹಾಕಿದರು. ನೆಡುವ ಉತ್ಸಾಹವೂ ಅಲ್ಲಿಗೆ ನಿಂತಿತು. 1995ರಲ್ಲಿ ಆರ್‌ಎಸ್‌ಪಿಬಿ ಎಂಬ ಪಕ್ಷಿ ಸಂರಕ್ಷಣಾ ಸಂಸ್ಥೆ ಫೋರ್ಸಿನಾರ್ಡ್ ಎಸ್ಟೇಟನ್ನು ಕೊಂಡು, ಮರ ಕಡಿದು ಕಾಲುವೆಗಳಿಗೆ ಒಡ್ಡು ಕಟ್ಟತೊಡಗಿತು.

ವನಮಹೋತ್ಸವದ ಗುಂಡಿ ತೋಡಿ ಬೆಳೆದ ನನ್ನಂಥವನಿಗೆ ಇದು ಸಲೀಸಾಗಿ ಇಳಿಯುವ ಮಾತಲ್ಲ. ಆದರೆ ಕುದುರೆಮುಖದ ಕಡೆ ಓಡಾಡಿದವರಿಗೆ ಇಳಿಯಬೇಕು. ಅಲ್ಲಿಯೂ ಶೋಲಾದ ಮೇಲಿನ ಹುಲ್ಲುಬೋಳಿಗೆ ಬೀಳುಭೂಮಿಯೆಂಬ ಹೆಸರು ಹಚ್ಚಿ ಅಕೇಶಿಯಾ ನೆಟ್ಟರು, ಅದಕ್ಕೆ ಹಸಿರೀಕರಣ ಎಂದರು. ಮಳೆಯ ನೀರನ್ನು ಹಿಡಿದಿಟ್ಟು ಹಳ್ಳಕ್ಕೆ ಬಿಡುತ್ತಿದ್ದ ಹುಲ್ಲು ಯಾರ ಲೆಕ್ಕದಲ್ಲೂ ಇರಲಿಲ್ಲ. ಮರವಿಲ್ಲದ ಜಾಗ ಕಂಡರೆ ನಮ್ಮ ಕೈ ಯಾಕಿಷ್ಟು ತುರಿಸುತ್ತದೋ!

ಕೇಂದ್ರದಲ್ಲಿದ್ದ ಸ್ವಯಂಸೇವಕ ಹಿರಿಯರನ್ನು, ಕಡಿದಲ್ಲೆಲ್ಲ ಜೌಗು ಮರಳಿತೇ ಎಂದು ಕೇಳಿದೆ. "ಮೊದಲು ಕಡಿದ ಕಡೆ ಪಾಚಿ ಬಂದಿದೆ, ಹಕ್ಕಿಗಳೂ ಬರುತ್ತಿವೆ. ಪೂರ್ತಿ ಆಗೋದನ್ನು ನೋಡಲು ನಾನಿರಲ್ಲ" ಎಂದು ನಕ್ಕರು. ಹೊರಗೆ ಗಾಳಿ ನಿಂತಿತು. ನಿಂತದ್ದೇ ತಡ, ನುಸಿ ಎದ್ದವು. ಸ್ಕಾಟ್ಲೆಂಡಿನ ನುಸಿಯ ಬಗ್ಗೆ ಓದಿದ್ದೆ, ಓದಿದ್ದು ಕಡಿಮೆಯಾಯಿತು. ಕಿವಿ, ಮೂಗು, ಕಾಲರಿನ ಒಳಗೆಲ್ಲ. ಮಲೆನಾಡಿನ ಜಿಗಣೆ ಎಷ್ಟೋ ಸಭ್ಯ, ಕಚ್ಚಿದ್ದೇ ಗೊತ್ತಾಗುವುದಿಲ್ಲ.

ಜೂನ್ ತಿಂಗಳು, ರಾತ್ರಿ ಹತ್ತಾಗುತ್ತ ಬಂದರೂ ಬಿಸಿಲು. ಥರ್ಸೋ ಪಟ್ಟಣದ ಕೋಣೆ ಸೇರಿ ಅಕ್ಕನಿಗೆ ಫೋನ್ ಹಚ್ಚಿದ ಅಳಿಯ. ಊರಲ್ಲಿ ನಡುರಾತ್ರಿ ದಾಟಿದ್ದರೂ ಅವಳು ಮಗನ ಫೋನಿಗಾಗಿ ಎದ್ದೇ ಇದ್ದಳು. ಏನು ನೋಡಿದಿರಿ ಎಂದು ಕೇಳಿರಬೇಕು.

"ಮರ ಕಡಿದಿದ್ದನ್ನ ನೋಡ್ಕೊಂಡು ಬಂದ್ವಿ ಅಮ್ಮ."

ಸ್ಪೀಕರಿನಲ್ಲಿ ಅಕ್ಕನ ದನಿ ನನಗೂ ಕೇಳಿಸಿತು. "ಅದಕ್ಕೆ ಅಷ್ಟು ದುಡ್ಡು ಸುರಿದು ಅಲ್ಲಿ ತನಕ ಹೋಗ್ಬೇಕಿತ್ತೇನೋ? ಇಲ್ಲಿ ರಸ್ತೆ ಅಗಲ ಮಾಡ್ತೀವಂತ ಮನೆ ಮುಂದೇನೇ ಕಡೀತಿದ್ದಾರಲ್ಲ!"