ಹಾರದ ಈಡು

ಕೊಡಗಿನಲ್ಲಿ ಕೋವಿಗೆ ಮಾತು ಬರುತ್ತದೆ. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಈಡು. ಯಾರಾದರೂ ತೀರಿಕೊಂಡರೆ ಬೆನ್ನುಬೆನ್ನಿಗೆ ಎರಡು. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಕಾಫಿ ತೋಟವೋ ಗದ್ದೆ ಬಯಲೋ ಇರುವ ಊರುಗಳಲ್ಲಿ, ಫೋನಿಲ್ಲದ ಕಾಲದಲ್ಲಿ, ಸುದ್ದಿ ಹೋಗುತ್ತಿದ್ದದ್ದು ಹೀಗೆ. ನಮ್ಮದು ಕೊಡವರ ಮನೆಯಲ್ಲ, ನಮ್ಮಲ್ಲಿ ಕೋವಿಯೂ ಇರಲಿಲ್ಲ. ಆದರೆ ಲೆಕ್ಕ ನಮಗೂ ಗೊತ್ತಿತ್ತು. ಒಂದು ಈಡು ಕೇಳಿದರೆ ಎಲ್ಲರೂ ಮಾತು ನಿಲ್ಲಿಸಿ ಎರಡನೆಯದಕ್ಕೆ ಕಿವಿಗೊಡುತ್ತಿದ್ದೆವು.

ಬೇಟೆಗೆ ಹೋದವನ ಕೋವಿ ಹಾರದಿದ್ದರೆ ಹಂದಿ ತಪ್ಪಿಸಿಕೊಳ್ಳುತ್ತದೆ, ಅಷ್ಟೆ. ಸಾವಿನ ಮನೆಯಲ್ಲಿ ಕೋವಿ ಹಾರದಿದ್ದರೆ ಸುದ್ದಿಯೇ ಬೇರೆಯಾಗಿಬಿಡುತ್ತದೆ.

ಗದ್ದೆಯಾಚೆಯ ಮನೆಯ ಅಜ್ಜನ ಹತ್ತಿರ ಜೋಡಿ ನಳಿಗೆಯ ಹಳೇ ಕೋವಿಯೊಂದಿತ್ತು. ಕುದುರೆಗಳು ಹೊರಗೇ ಕಾಣುವಂಥದ್ದು. ಅದಕ್ಕೆ ಬೇಕಾದ ತೋಟಾಗಳನ್ನು ಅವರು ಮನೆಯಲ್ಲೇ ತುಂಬುತ್ತಿದ್ದರು. ಹಿತ್ತಾಳೆಯ ಖಾಲಿ ತೋಟಾಗಳು ಒಂದು ಬಿಸ್ಕತ್ತಿನ ಡಬ್ಬದಲ್ಲಿರುತ್ತಿದ್ದವು. ಮಳೆಗಾಲಕ್ಕೆ ಮುಂಚೆ, ಬಿಸಿಲು ಚೆನ್ನಾಗಿರುವ ಒಂದು ದಿನ, ಬೀಡಿಯನ್ನು ಅಂಗಳದಲ್ಲೇ ಆರಿಸಿ ಒಳಗೆ ಬಂದು ಕೂರುವರು. ಸುಟ್ಟ ಕೇಪು ತೆಗೆದು ಹೊಸದನ್ನು ಕೂರಿಸುವುದು, ಮದ್ದು, ಅದರ ಮೇಲೆ ರಟ್ಟಿನ ಬಿಲ್ಲೆ, ಚರೆ, ಮತ್ತೊಂದು ಬಿಲ್ಲೆ, ಕೊನೆಗೆ ಸುತ್ತ ಒಂದಿಷ್ಟು ಜೇನುಮೇಣ. ಮಕ್ಕಳಾದ ನಾವು ಹೊಸ್ತಿಲು ದಾಟುವಂತಿರಲಿಲ್ಲ.

ಅವರ ಮಗ ಮೈಸೂರಿನಲ್ಲಿ ಓದಿ ಬಂದವರು. ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಈಗ ಯಾರು ಇದನ್ನೆಲ್ಲ ಕೈಯಲ್ಲಿ ತುಂಬುತ್ತಾರೆ, ಪೇಟೆಯಿಂದ ಪೆಟ್ಟಿಗೆ ತಂದರಾಯಿತು ಎಂಬುದು ಅವರ ವಾದ. ಅಜ್ಜ ತಲೆ ಎತ್ತದೆ ಹೇಳುತ್ತಿದ್ದರು: "ಪೆಟ್ಟಿಗೇದು ಯಾರು ತುಂಬಿದ್ದು ಅಂತ ನಂಗೆ ಗೊತ್ತಾ? ಇದು ಹಾರದಿದ್ರೆ ಯಾರನ್ನ ಕೇಳ್ಬೇಕು ಅಂತಾದ್ರೂ ಗೊತ್ತಿದೆ."

"ಕೇಳೋದಕ್ಕೆ ಜನ ಸಿಕ್ಕಿದ್ರೆ ತೋಟಾ ಹಾರುತ್ತಾ ಅಪ್ಪಾ?"

ಇಬ್ಬರ ಮಾತಿನಲ್ಲೂ ಹುರುಳಿತ್ತು ಎಂದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು.

ತೋಟಾದ ಬೆನ್ನಿನಲ್ಲಿರುವ ಕೇಪಿನೊಳಗೆ ಏಟು ಬಿದ್ದರೆ ಹೊತ್ತಿಕೊಳ್ಳುವ ಚಿಟಿಕೆಯಷ್ಟು ರಾಸಾಯನಿಕ ಇರುತ್ತದೆ. ಕುದುರೆ ಬೀಳುತ್ತದೆ, ಮೊಳೆ ಕೇಪನ್ನು ಗುದ್ದುತ್ತದೆ, ಅದರ ಕಿಡಿ ಮದ್ದಿಗೆ ತಾಗುತ್ತದೆ. ಈ ಸರಪಳಿಯ ಯಾವ ಕೊಂಡಿಯೂ ಕೈಕೊಡಬಹುದು. ಕೋವಿಯ ಸ್ಪ್ರಿಂಗು ಸಡಿಲವಾಗಿ ಏಟು ಸಾಲದೆ ಹೋಗಬಹುದು. ಕೇಪಿಗೆ ಎಣ್ಣೆ ಇಳಿದಿರಬಹುದು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಕರಿಮದ್ದು ಕೊಡಗಿನ ಆಷಾಢದ ಗಾಳಿಯಲ್ಲಿ ತೇವ ಹೀರಿರಬಹುದು.

ಸುಮ್ಮನೆ ಹಾರದಿರುವುದು ಇವುಗಳಲ್ಲಿ ಸಾಧು ಬಗೆಯದು. ಕೆಲವೊಮ್ಮೆ ಕಿಡಿ ಒಳಗೆ ಹೊಗೆಯಾಡುತ್ತಿದ್ದು ತಡವಾಗಿ ಹಾರುತ್ತದೆ. ಅದಕ್ಕೇ ಕೋವಿ ಹಾರದಿದ್ದರೆ ನಳಿಗೆಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ಕೂಡಲೇ ಮಡಚಿ ಇಣುಕಿದವರು ಕಣ್ಣು ಕಳೆದುಕೊಳ್ಳಬಹುದು. ಇನ್ನೂ ಕೆಟ್ಟದ್ದೆಂದರೆ ಅರ್ಧ ಹಾರುವುದು. ಟುಸ್ಸೆಂದು ಸಣ್ಣ ಸದ್ದಾಗಿ, ಬಿಲ್ಲೆ ನಳಿಗೆಯ ನಡುವೆಯೇ ಸಿಕ್ಕಿಕೊಂಡಿರುತ್ತದೆ. ಅದನ್ನು ನೋಡದೆ ಇನ್ನೊಂದು ಈಡು ಹೊಡೆದರೆ ನಳಿಗೆಯೇ ಸೀಳಿಹೋದೀತು.

ಹಾಗಾದರೆ ಯಾವುದನ್ನು ನಂಬಬೇಕು? ತೋಟಾದ ವಿಚಾರದಲ್ಲಿ ಒಂದು ವಿಚಿತ್ರ ತೊಡಕಿದೆ. ಅದು ಹಾರುತ್ತದೋ ಇಲ್ಲವೋ ಎಂದು ನೋಡುವ ಖಚಿತವಾದ ದಾರಿ ಒಂದೇ, ಹಾರಿಸಿ ನೋಡುವುದು. ನೋಡಿದ ಮೇಲೆ ಆ ತೋಟಾ ಇರುವುದಿಲ್ಲ. ಆದ್ದರಿಂದ ಕಾರ್ಖಾನೆ ಒಂದು ಲಾಟಿನಿಂದ ಕೆಲವನ್ನು ಆರಿಸಿ ಹಾರಿಸುತ್ತದೆ. ಅವು ಹಾರಿದರೆ ಉಳಿದವೂ ಹಾರುತ್ತವೆ ಎಂದು ಪೆಟ್ಟಿಗೆ ಮುಚ್ಚುತ್ತದೆ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡುವ ಹಾಗೆ. ಅಜ್ಜನ ಡಬ್ಬದಲ್ಲಿ ಲಾಟು ಎಂಬುದಿರಲಿಲ್ಲ. ಪ್ರತಿಯೊಂದನ್ನೂ ಅವರು ಬೆರಳಿನಿಂದ ಸವರಿ ನೋಡಿದ್ದರು. ಕಾರ್ಖಾನೆ ಕೊಡುವುದು ಸರಾಸರಿಯ ಭರವಸೆ, ಅಜ್ಜ ಕೊಡುತ್ತಿದ್ದದ್ದು ಒಬ್ಬ ಮನುಷ್ಯನ ಭರವಸೆ.

ಜಗತ್ತಿನ ಗುರಿಕಾರರಲ್ಲೂ ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ರೈಫಲ್ಲನ್ನು ಮೇಜಿನ ಮೇಲಿಟ್ಟು, ಹೊಡೆದ ಗುಂಡುಗಳೆಲ್ಲ ಒಂದೇ ತೂತಿನಲ್ಲಿ ಹೋಗಬೇಕೆಂದು ಹಟ ಹಿಡಿಯುವ ಬೆಂಚ್‌ರೆಸ್ಟ್ ಸ್ಪರ್ಧಿಗಳು ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ಹಾರುವ ಮಣ್ಣಿನ ಬಿಲ್ಲೆಗೆ ಹೊಡೆಯುವ ಒಲಿಂಪಿಕ್ಸಿನ ಟ್ರ್ಯಾಪ್, ಸ್ಕೀಟ್ ಸ್ಪರ್ಧಿಗಳು 24 ಗ್ರಾಂ ಚರೆಯ ಕಾರ್ಖಾನೆ ತೋಟಾವನ್ನೇ ನೆಚ್ಚುತ್ತಾರೆ. ಮೊದಲಿನವರಿಗೆ ಕೂದಲೆಳೆಯ ನಿಖರತೆ ಬೇಕು, ಎರಡನೆಯವರಿಗೆ ನೂರಾರು ಈಡುಗಳು ಒಂದೇ ಸಮ ಹಾರಬೇಕು.

ಯಾರು ತುಂಬಿದ್ದು ಎಂಬ ಅಜ್ಜನ ಪ್ರಶ್ನೆ ಒಮ್ಮೆ ಈ ದೇಶವನ್ನೇ ಅಲುಗಿಸಿತ್ತು. 1857ರ ಜನವರಿಯಲ್ಲಿ, ಕಲ್ಕತ್ತೆಯ ಹತ್ತಿರದ ಡಮ್‌ಡಮ್‌ನಲ್ಲಿ, ಹೊಸ ಎನ್‌ಫೀಲ್ಡ್ ಬಂದೂಕಿನ ತೋಟಾಕ್ಕೆ ದನದ, ಹಂದಿಯ ಕೊಬ್ಬು ಸವರಿದ್ದಾರೆಂಬ ಮಾತು ಸಿಪಾಯಿಗಳಲ್ಲಿ ಹಬ್ಬಿತು. ಹಾಗಿದ್ದರೆ ನಿಮಗೆ ಒಪ್ಪುವ ಜಿಡ್ಡನ್ನು ನೀವೇ ಸವರಿಕೊಳ್ಳಿ ಎಂದು ಸರ್ಕಾರ ಬಿಟ್ಟುಕೊಟ್ಟಿತು. ಆಗ ಅನುಮಾನ ಜಿಡ್ಡಿನಿಂದ ತೋಟಾದ ಕಾಗದದ ಮೇಲೆ ಹೋಯಿತು. ಮಾಡಿದವನ ಮೇಲೆ ನಂಬಿಕೆ ಹೋದ ಮೇಲೆ ವಸ್ತುವನ್ನು ಎಷ್ಟು ಸರಿಪಡಿಸಿದರೂ ಸಾಲದು. ಆ ದಂಗೆಯ ನಂತರ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂತು. 1861ರಲ್ಲಿ ಕೊಡವರಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಅದೇ ವಿನಾಯಿತಿ ಜಮ್ಮಾ ಹಿಡುವಳಿದಾರರನ್ನೂ ಒಳಗೊಂಡು ಇಂದಿಗೂ ನಡೆದುಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅಜ್ಜನ ಕೋವಿ ಲೈಸೆನ್ಸಿಲ್ಲದೆ ಅವರ ಮನೆಯಲ್ಲಿದ್ದದ್ದರ ಹಿಂದೆ ಇಷ್ಟು ದೊಡ್ಡ ಕಥೆಯಿದೆ.

ಅಜ್ಜ ತೀರಿಕೊಂಡದ್ದು ಕಕ್ಕಡದಲ್ಲಿ, ಮಳೆ ಮೂರು ದಿನದಿಂದ ಬಿಡದೆ ಹೊಯ್ಯುತ್ತಿದ್ದಾಗ. ಅಪ್ಪನ ಸಾವನ್ನು ಅಪ್ಪ ತುಂಬಿದ ತೋಟಾದಲ್ಲೇ ಹೇಳಬೇಕೆಂದು ಅಣ್ಣ ಬಿಸ್ಕತ್ತಿನ ಡಬ್ಬ ತೆಗೆದರಂತೆ. ಅಪ್ಪನ ಜೊತೆ ಅಷ್ಟು ವರ್ಷ ವಾದ ಮಾಡಿದವರು. ಮೊದಲ ಈಡು ಹಾರಿತು. ಎರಡನೆಯದು ಟಕ್ ಎಂದು ಸುಮ್ಮನಾಯಿತು.

ಈಚೆ ನಮ್ಮ ಮನೆಯಲ್ಲಿ ಕೇಳಿದ್ದು ಒಂದೇ. "ಯಾರ ಮನೇಲೋ ಮಗು" ಎಂದು ಅಮ್ಮ ಊರಿನ ಬಸುರಿಯರನ್ನು ಬೆರಳಲ್ಲಿ ಎಣಿಸತೊಡಗಿದಳು. ಮುಖದಲ್ಲಿ ಸಣ್ಣ ನಗುವಿತ್ತು. ಒಂದು ನಿಮಿಷ ಕಳೆದಿರಬೇಕು, ಮತ್ತೊಂದು ಈಡು ಕೇಳಿತು. ಬೆನ್ನುಬೆನ್ನಿಗೆ ಅಲ್ಲ, ಆದರೂ ಎರಡು. ಅಮ್ಮನ ಬೆರಳು ಅಲ್ಲೇ ನಿಂತಿತು. ಅಪ್ಪ ಮಾತಿಲ್ಲದೆ ಕೊಡೆ ತೆಗೆದುಕೊಂಡು ಗದ್ದೆಗಿಳಿದರು.

ಆ ಒಂದು ನಿಮಿಷ ಅಣ್ಣ ನಳಿಗೆಯನ್ನು ಆಕಾಶಕ್ಕೆ ಹಿಡಿದು, ಮಳೆಯಲ್ಲಿ ನೆನೆಯುತ್ತ, ಕಾದಿದ್ದರು. ಆಮೇಲೆ ತೋಟಾ ಬದಲಿಸದೆ ಅದೇ ಕುದುರೆಯನ್ನು ಮತ್ತೆ ಎಳೆದು ಬಿಟ್ಟಾಗ ಹಾರಿತು. ಕೇಪು ಪೂರ್ತಿ ಕೂತಿರದಿದ್ದರೆ ಹೀಗಾಗುವುದುಂಟು. ಮೊದಲ ಏಟಿನ ಬಲವೆಲ್ಲ ಅದನ್ನು ಒಳಕ್ಕೆ ಕೂರಿಸುವುದರಲ್ಲೇ ಮುಗಿಯುತ್ತದೆ, ಎರಡನೆಯ ಏಟು ಹೊತ್ತಿಸುತ್ತದೆ. ಆ ಬೇಸಿಗೆಯಲ್ಲಿ ಅಜ್ಜನ ಕೈ ನಡುಗುತ್ತಿತ್ತು. ಕಾಫಿಯ ಲೋಟವನ್ನೂ ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ತೋಟಾ ತುಂಬುವುದನ್ನು ಮಾತ್ರ ಬಿಟ್ಟಿರಲಿಲ್ಲ.

ನನಗೆ ಕೊನೆಗೂ ಹೊಳೆದದ್ದು ಇದು. ಕೇಪು ಎಷ್ಟು ಆಳಕ್ಕೆ ಕೂತಿದೆ ಎಂದು ಅಳೆಯುವ ಯಂತ್ರಕ್ಕೆ ವಯಸ್ಸಾದರೆ ಅದನ್ನು ಬದಲಿಸುತ್ತಾರೆ. ಕೈಯ ಭರವಸೆಗೆ ಆ ಅನುಕೂಲವಿಲ್ಲ. ಅದು ಆ ಮನುಷ್ಯನ ಜೊತೆಯಲ್ಲೇ ಮುಪ್ಪಾಗುತ್ತದೆ. ಅದನ್ನು ನಂಬುವವರು ಎರಡನೆಯ ಸಲ ಕುದುರೆ ಎಳೆಯುವ ತಾಳ್ಮೆಯನ್ನೂ ಇಟ್ಟುಕೊಂಡಿರಬೇಕು.

ಸೆಪ್ಟೆಂಬರ್ 3ರ ಕೈಲ್‌ಪೊಳ್ದ್‌ನಲ್ಲಿ ಈಗಲೂ ಆ ಕೋವಿಗೆ ತೋಕ್ ಪೂ ಇಟ್ಟು ಪೂಜೆಯಾಗುತ್ತದೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಮನೆಯಲ್ಲಿ ತುಂಬುವವರು ಈಗ ಯಾರೂ ಇಲ್ಲ. ಅಣ್ಣ ಪೆಟ್ಟಿಗೆಯನ್ನೇ ತರುತ್ತಾರೆ. ಹೋದ ವರ್ಷ ನೋಡಿದೆ, ಪೆಟ್ಟಿಗೆಯ ಮೇಲಿನ ಲಾಟ್ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದರು. ಯಾಕಣ್ಣಾ ಎಂದು ಕೇಳಿದೆ.

"ಹಾರದಿದ್ರೆ ಕೇಳೋದಕ್ಕೆ ಏನಾದ್ರೂ ಒಂದು ಬೇಕಲ್ಲ" ಎಂದರು.